ವೈದ್ಯಗ್ರಂಥಗಳಲ್ಲಿ ‘ಪ್ರಕೃತಿ’ : ಒಂದು ಶಬ್ದವಿಮರ್ಶೆ

ಜೈನಭಂಡಾರಗಳ ಓಲೆಗರಿಯ ಕಟ್ಟುಗಳನ್ನು ವಿಂಗಡಿಸುವವರಿಗೆ ‘ಪ್ರಕೃತಿ’ ಎಂಬ ಶಬ್ದ ಎದುರಾದಲ್ಲಿ ಸ್ವಲ್ಪ ನಿಲ್ಲಬೇಕಾಗುತ್ತದೆ. ಮೊದಲ ಗರಿಗಳು ಮುರಿದುಹೋದ ಕಟ್ಟಿನ ನಡುವೆ ಈ ಶಬ್ದ ಕಂಡಿತೆಂದು ಅದನ್ನು ಸಿದ್ಧಾಂತಗ್ರಂಥವೆಂದು ಬರೆದಿಡುವಂತಿಲ್ಲ, ವೈದ್ಯಗ್ರಂಥವೆಂದೂ ಬರೆದಿಡುವಂತಿಲ್ಲ. ನೇಮಿಚಂದ್ರ ಸಿದ್ಧಾಂತಚಕ್ರವರ್ತಿಯ ಗೊಮ್ಮಟಸಾರದ ಕರ್ಮಕಾಂಡ ಆರಂಭವಾಗುವುದೇ ಪ್ರಕೃತಿಸಮುತ್ಕೀರ್ತನದಿಂದ. ಅಲ್ಲಿ ಎಣಿಸಲ್ಪಡುವುದು ಎಂಟು ಮೂಲಪ್ರಕೃತಿಗಳು, ನೂರನಲವತ್ತೆಂಟು ಉತ್ತರಪ್ರಕೃತಿಗಳು. ಸುಶ್ರುತಸಂಹಿತೆಯ ಶಾರೀರಸ್ಥಾನದಲ್ಲಿ ಎಣಿಸಲ್ಪಡುವುದಾದರೋ ಏಳೇ ಪ್ರಕೃತಿಗಳು: ಒಂದೊಂದು ದೋಷದಿಂದ ಮೂರು, ಎರಡೆರಡರಿಂದ ಮೂರು, ಮೂರೂ ಸಮವಾಗಿದ್ದಲ್ಲಿ ಒಂದು. ಇವೆರಡಕ್ಕೂ ಹೊರತಾಗಿ ಕನ್ನಡದ ದಿನಬಳಕೆಯಲ್ಲಿ, ವಿಶೇಷವಾಗಿ ಉತ್ತರದ ಜಿಲ್ಲೆಗಳಲ್ಲಿ, ‘ಪ್ರಕೃತಿ ಸ್ವಸ್ಥವಿಲ್ಲ’ ಎಂದರೆ ಆರೋಗ್ಯ ಕೆಟ್ಟಿದೆ ಎಂದರ್ಥ. ಈ ಕೊನೆಯ ಬಳಕೆಯನ್ನು ಗ್ರಾಮ್ಯವೆಂದು ಬದಿಗಿಡುವ ರೂಢಿಯುಂಟು. ಅದು ಸಾಧುವಲ್ಲವೆಂಬುದು ಮುಂದೆ ವಿದಿತವಾಗುತ್ತದೆ.

ಈಚಿನ ಆರೋಗ್ಯ ಕೈಪಿಡಿಗಳಲ್ಲಿ ಈ ಶಬ್ದ ಇನ್ನೊಂದು ವೇಷದಲ್ಲಿ ಕಾಣಿಸಿಕೊಂಡಿದೆ. ಕೂದಲು ಒರಟೋ ನಯವೋ, ನಿದ್ರೆ ಹಗುರವೋ ಗಾಢವೋ, ಹಸಿವು ಹೇಗೆ, ಕೋಪ ಹೇಗೆ ಎಂದು ಒಂದಷ್ಟು ಪ್ರಶ್ನೆಗಳು. ಉತ್ತರಗಳನ್ನು ಕೂಡಿಸಿದರೆ ವಾತ, ಪಿತ್ತ, ಕಫಗಳಲ್ಲಿ ಒಂದರ ಮುದ್ರೆ. ಅನಂತರ ಆ ‘ಪ್ರಕೃತಿಯನ್ನು ಸಮತೋಲನಕ್ಕೆ ತರುವ’ ಆಹಾರಗಳ ಹಾಗೂ ಔಷಧಗಳ ಪಟ್ಟಿ. 2024ರ ನವೆಂಬರಿನಲ್ಲಿ ಕೇಂದ್ರದ ಆಯುಷ್ ಸಚಿವಾಲಯ ಆರಂಭಿಸಿದ ದೇಶವ್ಯಾಪಿ ಪ್ರಕೃತಿಪರೀಕ್ಷಣ ಅಭಿಯಾನದಲ್ಲಿ ಮೊಬೈಲ್ ಸಾಧನದ ಮೂಲಕ ಒಂದು ಕೋಟಿಗೂ ಮಿಕ್ಕಿದ ಜನರ ಪ್ರಕೃತಿ ದಾಖಲಾಯಿತು. ಇಷ್ಟು ಜನರ ಕೈಗೆ ಒಂದು ಶಬ್ದ ತಲುಪಿದ ಮೇಲೆ ಅದರ ಅರ್ಥವನ್ನು ಮೂಲಗ್ರಂಥಗಳಲ್ಲಿಟ್ಟು ನೋಡುವುದು ಪಂಡಿತರ ವಿನೋದವಷ್ಟೇ ಆಗಿ ಉಳಿಯುವುದಿಲ್ಲ. ಪ್ರಕೃತಿಯನ್ನು ಸಮತೋಲನಕ್ಕೆ ತರುವುದು ಎಂಬ ಮಾತು ಗ್ರಂಥಸಮ್ಮತವೇ ಎಂಬುದೇ ಇಲ್ಲಿಯ ಪ್ರಶ್ನೆ.

ಚರಕಸಂಹಿತೆಯ ವಿಮಾನಸ್ಥಾನದ ಆರನೆಯ ಅಧ್ಯಾಯ ರೋಗಾನೀಕ. ಅಲ್ಲಿ ಒಂದು ಪೂರ್ವಪಕ್ಷ ಬರುತ್ತದೆ. ಮನುಷ್ಯರು ಉಣ್ಣುವ ಆಹಾರ ಎಂದೂ ಸಮವಲ್ಲ. ಆದ್ದರಿಂದ ದೋಷಗಳು ಸಮವಾಗಿರುವ ಮನುಷ್ಯನೇ ಇಲ್ಲ. ಇರುವವರೆಲ್ಲರೂ ವಾತಪ್ರಕೃತಿಯವರು, ಪಿತ್ತಪ್ರಕೃತಿಯವರು, ಇಲ್ಲವೆ ಶ್ಲೇಷ್ಮಪ್ರಕೃತಿಯವರು ಎಂದು ಕೆಲವರ ವಾದ. ಆತ್ರೇಯನು ಇದನ್ನು ಒಪ್ಪುವುದಿಲ್ಲ. ದೋಷಗಳು ಸಮವಾಗಿರುವವನನ್ನೇ ವೈದ್ಯರು ನಿರೋಗಿಯೆನ್ನುತ್ತಾರೆ. ಪ್ರಕೃತಿ ಎಂದರೆ ಆರೋಗ್ಯ. ಔಷಧದ ಪ್ರವೃತ್ತಿಯೆಲ್ಲ ಆರೋಗ್ಯಕ್ಕಾಗಿಯೇ. ಹೀಗಿರುವಾಗ ಹೆಚ್ಚಿ ವಿಕಾರಗೊಂಡ ದೋಷವೊಂದರ ಹೆಸರನ್ನು ಪ್ರಕೃತಿಗೆ ಅಂಟಿಸುವುದು ಯುಕ್ತವಲ್ಲ ಎಂದು ಅವನ ನಿರ್ಣಯ. ಅಂತಹ ಮನುಷ್ಯರು ಇದ್ದಾರೆ, ಆದರೆ ಅವರು ವಾತಲರು, ಪಿತ್ತಲರು, ಶ್ಲೇಷ್ಮಲರು, ಪ್ರಕೃತಿಸ್ಥರಲ್ಲ. ‘ಪ್ರಕೃತಿ ಸ್ವಸ್ಥವಿಲ್ಲ’ ಎನ್ನುವ ಹಳ್ಳಿಯ ಮುದುಕಿಯ ಮಾತು ಆತ್ರೇಯನ ಅರ್ಥಕ್ಕೆ ಎಷ್ಟು ಹತ್ತಿರವಾಗಿದೆಯೋ ಅಷ್ಟು ಹತ್ತಿರ ಮುದ್ರಿತ ಕೈಪಿಡಿಗಳ ಮಾತು ಬಂದಿಲ್ಲ.

ಸುಶ್ರುತನ ದೃಷ್ಟಿ ಬೇರೆ. ಶುಕ್ರಶೋಣಿತಗಳ ಸಂಯೋಗಕಾಲದಲ್ಲಿ ಯಾವ ದೋಷ ಉತ್ಕಟವೋ ಅದರಿಂದ ಪ್ರಕೃತಿ ಹುಟ್ಟುತ್ತದೆ. ಬದುಕಿರುವವರೆಗೆ ಅದಕ್ಕೆ ಪ್ರಕೋಪವೂ ಇಲ್ಲ, ಕ್ಷಯವೂ ಇಲ್ಲ, ಅನ್ಯಥಾಭಾವವೂ ಇಲ್ಲ. ಅವು ತೋರಿದರೆ ಆಯುಷ್ಯ ಮುಗಿಯಿತೆಂದು ತಿಳಿಯಬೇಕು. ವಿಷದಲ್ಲಿ ಹುಟ್ಟಿದ ಹುಳು ವಿಷದಿಂದ ಸಾಯುವುದಿಲ್ಲ; ಹಾಗೆಯೇ ಸಹಜವಾದ ಪ್ರಕೃತಿ ಮನುಷ್ಯನನ್ನು ಬಾಧಿಸುವುದಿಲ್ಲ. ವಾಗ್ಭಟನು ಅಷ್ಟಾಂಗಹೃದಯದ ಮೊದಲ ಅಧ್ಯಾಯದಲ್ಲಿಯೇ ಈ ಹುಳುವಿನ ಉಪಮೆಯನ್ನು ಉಳಿಸಿಕೊಂಡು, ವಾತಜವನ್ನು ಹೀನ, ಪಿತ್ತಜವನ್ನು ಮಧ್ಯ, ಕಫಜವನ್ನು ಉತ್ತಮ, ಸಮಧಾತುವನ್ನು ಶ್ರೇಷ್ಠ, ದ್ವಂದ್ವಗಳನ್ನು ನಿಂದ್ಯ ಎಂದು ತರತಮವನ್ನೂ ಸೇರಿಸುತ್ತಾನೆ.

ಹಾಗಾದರೆ ಚರಕನಿಗೆ ವಾತಲತ್ವ ಆರೋಗ್ಯದಿಂದ ಒಂದು ಹೆಜ್ಜೆ ಕೆಳಗೆ. ಅದು ವಿರುದ್ಧಗುಣದ ಆಹಾರವಿಹಾರದಿಂದ ಹಿಡಿತದಲ್ಲಿರಬೇಕಾದದ್ದು. ಸುಶ್ರುತನಿಗೆ ಅದು ಬದಲಾಗದ್ದು, ಆದರೆ ನಿರಪಾಯವಾದದ್ದು. ಎರಡು ಪಕ್ಷಗಳಿಗೂ ತಮ್ಮತಮ್ಮ ಸಂಗತಿಯಿದೆ. ಈಚಿನ ಕೈಪಿಡಿಗಳು ಮಾಡಿರುವುದು ಬೇರೆಯೇ. ಸುಶ್ರುತನಿಂದ ‘ಬದಲಾಗದ್ದು’ ಎಂಬುದನ್ನು ತೆಗೆದುಕೊಂಡು, ಚರಕನಿಂದ ‘ಸದಾ ಆತುರ’ ಎಂಬುದನ್ನು ತೆಗೆದುಕೊಂಡು, ಎರಡನ್ನೂ ಹೊಲಿದು, ಹುಟ್ಟಿನಿಂದ ಸಾವಿನವರೆಗೆ ಬಿಡದ ಒಂದು ರೋಗವನ್ನು ಸೃಷ್ಟಿಸಿವೆ. ಸುಶ್ರುತನ ‘ಬಾಧಿಸುವುದಿಲ್ಲ’ ಎಂಬುದೂ, ಚರಕನು ಹೇಳಿದ ಉಪಾಯ ದಿನಚರಿಯೇ ಹೊರತು ನಿತ್ಯೌಷಧವಲ್ಲವೆಂಬುದೂ ಹೊಲಿಗೆಯಲ್ಲಿ ಬಿದ್ದುಹೋಗಿವೆ. ಆರೋಗ್ಯವಂತನೊಬ್ಬನು ತನ್ನ ತೆಳುಮೈಗಾಗಿ ಆಜೀವ ಚೂರ್ಣ ಸೇವಿಸುವಂತಾದರೆ ಅದರ ಹೊಣೆ ಸಂಹಿತೆಗಳದಲ್ಲ.

ಇದಕ್ಕೆ ವಿಲೋಮವಾದ ಹಾನಿ ಇನ್ನೂ ಗುರುತರವಾದುದು. ಮೂರು ತಿಂಗಳ ಹಿಂದೆ ಇಲ್ಲದ ಕಾರ್ಶ್ಯ, ಹೊಸದಾಗಿ ಬಂದ ಅನಿದ್ರೆ, ಆರದ ಬಾಯಾರಿಕೆ, ಇವು ವಿಕೃತಿ. ಇವುಗಳ ಹಿಂದೆ ಮಧುಮೇಹವಿರಬಹುದು, ಕ್ಷಯವಿರಬಹುದು. ಪ್ರಶ್ನಾವಳಿ ‘ಮೈ ತೆಳುವೇ?’ ಎಂದು ಕೇಳುತ್ತದೆ, ‘ಎಂದಿನಿಂದ?’ ಎಂದು ಕೇಳದಿದ್ದರೆ ರೋಗಿಗೆ ‘ನಿಮ್ಮದು ವಾತಪ್ರಕೃತಿ’ ಎಂಬ ಸಮಾಧಾನ ದೊರೆಯುತ್ತದೆ, ಚಿಕಿತ್ಸೆ ದೊರೆಯುವುದಿಲ್ಲ. ವಿಮಾನಸ್ಥಾನದ ಎಂಟನೆಯ ಅಧ್ಯಾಯದಲ್ಲಿ ರೋಗಿಯನ್ನು ಪರೀಕ್ಷಿಸುವ ಕ್ರಮವನ್ನು ಹೇಳುವಾಗ ಪ್ರಕೃತಿಯನ್ನೂ ವಿಕೃತಿಯನ್ನೂ ಬೇರೆಬೇರೆಯಾಗಿ ನೋಡಬೇಕೆಂದು ವಿಧಿಸಿರುವುದು ಇದಕ್ಕಾಗಿಯೇ. 2008ರಲ್ಲಿ ದೆಹಲಿಯ ವಿಜ್ಞಾನಿಗಳು ಪ್ರಕೃತಿಗೂ ಜೀನುಗಳಿಗೂ ಇರುವ ಸಂಬಂಧವನ್ನು ಕುರಿತು ಪ್ರಕಟಿಸಿದ ಅಧ್ಯಯನದಲ್ಲಿ ಆರೋಗ್ಯವಂತರನ್ನೇ, ಅದರಲ್ಲಿಯೂ ಒಂದೊಂದು ದೋಷದ ಲಕ್ಷಣ ಎದ್ದುಕಾಣುವವರನ್ನೇ ಆರಿಸಿಕೊಂಡಿದ್ದರು. ಆ ಎಚ್ಚರವನ್ನು ಕೈಪಿಡಿಗಳು ಕಲಿಯಲಿಲ್ಲ.

ಎಂಟನೆಯ ಅಧ್ಯಾಯದ ಆ ಭಾಗ ಇನ್ನೊಂದು ಕಾರಣಕ್ಕಾಗಿಯೂ ಸಾವಧಾನವಾಗಿ ಓದತಕ್ಕದ್ದು. ಅಲ್ಲಿ ಲಕ್ಷಣಗಳು ಪಟ್ಟಿಯಾಗಿ ಬರುವುದಿಲ್ಲ. ದೋಷದ ಗುಣದಿಂದ ಲಕ್ಷಣ ಫಲಿಸಿ ಬರುತ್ತದೆ. ವಾಯು ರೂಕ್ಷ, ಆದ್ದರಿಂದ ವಾತಲನ ಮೈ ಒಣಗಿದ್ದು, ಅಲ್ಪವಾದದ್ದು, ಧ್ವನಿ ಒಡಕು, ಜಾಗರಣೆ ಹೆಚ್ಚು. ವಾಯು ಲಘು, ಆದ್ದರಿಂದ ನಡೆ ಹಗುರ, ಚಪಲ. ವಾಯು ಚಲ, ಆದ್ದರಿಂದ ಹುಬ್ಬು, ದವಡೆ, ತುಟಿ, ಹೆಗಲು, ಕೈಕಾಲುಗಳು ನಿಲ್ಲವು. ವಾಯು ಶೀಘ್ರ, ಆದ್ದರಿಂದ ಆರಂಭವೂ ಬೇಗ, ಭಯವೂ ಬೇಗ, ಕೇಳಿದ್ದನ್ನು ಹಿಡಿಯುವುದೂ ಬೇಗ, ನೆನಪು ಮಾತ್ರ ಅಲ್ಪ. ಶೀತವಾದ್ದರಿಂದ ಚಳಿ ಸಹಿಸದು. ಪರುಷವಾದ್ದರಿಂದ ಕೂದಲು ಉಗುರುಗಳು ಒರಟು. ವಿಶದವಾದ್ದರಿಂದ ಮೈ ಬಿರಿಯುತ್ತದೆ, ನಡೆಯುವಾಗ ಸಂಧಿಗಳು ಸದ್ದು ಮಾಡುತ್ತವೆ. ಹೇತುಫಲಗಳ ಈ ಸರಪಳಿ ಕೈಯಲ್ಲಿದ್ದರೆ ವೈದ್ಯನು ಯಾವ ಗುಣ ಹೆಚ್ಚಿದೆಯೋ ಅದಕ್ಕೇ ವಿರುದ್ಧವಾದುದನ್ನು ವಿಧಿಸಬಲ್ಲ. ರೂಕ್ಷತೆಗೆ ಸ್ನಿಗ್ಧ, ಶೀತಕ್ಕೆ ಉಷ್ಣ, ಚಲಕ್ಕೆ ಸ್ಥಿರ. ಮೂರನ್ನೂ ಒಂದೇ ‘ವಾತಶಾಮಕ’ದಲ್ಲಿ ಮುಗಿಸಬೇಕಾಗಿಲ್ಲ.

ವಾಗ್ಭಟನ ಶಾರೀರಸ್ಥಾನಕ್ಕೆ ಬರುವ ವೇಳೆಗೆ ಸರಪಳಿ ಸಡಿಲವಾಗಿದೆ. ಕನಸುಗಳು ಬಂದಿವೆ: ವಾತಲನು ಆಕಾಶದಲ್ಲಿ ಹಾರುತ್ತಾನೆ, ಪಿತ್ತಲನು ಮುತ್ತುಗದ ಹೂವನ್ನೂ ಬೆಂಕಿಯನ್ನೂ ಕಾಣುತ್ತಾನೆ, ಶ್ಲೇಷ್ಮಲನು ತಾವರೆಗೊಳಗಳನ್ನು. ಪ್ರಾಣಿಸಾಮ್ಯಗಳೂ ಬಂದಿವೆ: ನಾಯಿ, ನರಿ, ಒಂಟೆ, ಇಲಿ, ಕಾಗೆಗಳು ವಾತಕ್ಕೆ, ಹುಲಿ, ಕರಡಿ, ಕಪಿ, ಬೆಕ್ಕುಗಳು ಪಿತ್ತಕ್ಕೆ, ಆನೆ, ಸಿಂಹ, ಹಂಸಗಳು ಕಫಕ್ಕೆ. ಕಾವ್ಯವಾಗಿ ಇದು ಮನೋಹರ, ಕಂಠಪಾಠಕ್ಕೂ ಅನುಕೂಲ. ಆದರೆ ಪದ್ಯದ ಸಂಕ್ಷೇಪ ಹೇತುವನ್ನು ನುಂಗಿ ಲಕ್ಷಣವನ್ನು ಉಳಿಸಿತು. ಪ್ರಶ್ನಾವಳಿಗಳು ಆ ಲಕ್ಷಣಕ್ಕೆ ಅಂಕ ಕೊಟ್ಟವು.

ಇಲ್ಲಿ ಪೂಜ್ಯಪಾದಾಚಾರ್ಯರ ಮಾತು ನೆರವಿಗೆ ಬರುತ್ತದೆ. ಉಗ್ರಾದಿತ್ಯಾಚಾರ್ಯರು ಕಲ್ಯಾಣಕಾರಕದಲ್ಲಿ ತಮಗಿಂತ ಹಿಂದಿನ ವೈದ್ಯಾಚಾರ್ಯರನ್ನು ಸ್ಮರಿಸುವಾಗ ಶಾಲಾಕ್ಯಕ್ಕೆ ಪೂಜ್ಯಪಾದರನ್ನು ಹೆಸರಿಸಿದ್ದಾರೆ. ಜಗದ್ದಳ ಸೋಮನಾಥನ ಕರ್ಣಾಟಕ ಕಲ್ಯಾಣಕಾರಕಕ್ಕೂ ಪೂಜ್ಯಪಾದರ ಗ್ರಂಥವೇ ಮೂಲವೆಂದು ಪ್ರಸಿದ್ಧಿ. ಆ ವೈದ್ಯಗ್ರಂಥ ನಮಗೆ ಉಳಿದಿಲ್ಲ. ಉಳಿದಿರುವ ಸರ್ವಾರ್ಥಸಿದ್ಧಿಯಲ್ಲಿ ಬಂಧದ ನಾಲ್ಕು ಬಗೆಗಳನ್ನು ವಿವರಿಸುವಾಗ ಪ್ರಕೃತಿ ಎಂದರೆ ಸ್ವಭಾವ ಎಂದು ಹೇಳಿ ಬೇವಿನ ಕಹಿಯನ್ನೂ ಬೆಲ್ಲದ ಸಿಹಿಯನ್ನೂ ಉದಾಹರಿಸಿದ್ದಾರೆ. ಆ ಸ್ವಭಾವದಿಂದ ಜಾರದೆ ಇರುವಷ್ಟು ಕಾಲ ಸ್ಥಿತಿ, ಆಡು, ಹಸು, ಎಮ್ಮೆಗಳ ಹಾಲಿನಲ್ಲಿರುವಂತೆ ರಸದ ತೀವ್ರಮಂದತೆ ಅನುಭಾಗ ಅಥವಾ ಅನುಭವ, ಪರಿಮಾಣ ಪ್ರದೇಶ. ಕರ್ಮಪ್ರಕೃತಿಯೂ ದೇಹಪ್ರಕೃತಿಯೂ ಒಂದೇ ಎಂದು ಇದರಿಂದ ಹೇಳಹೊರಟರೆ ಅದು ಅಪಸಿದ್ಧಾಂತವಾದೀತು. ಶರೀರದ ಸಂಹನನ ಸಂಸ್ಥಾನಗಳು ನಾಮಕರ್ಮದ ಉದಯದಿಂದ, ವೇದನೆ ಅಸಾತಾವೇದನೀಯದ ಉದಯದಿಂದ. ವಾತಾದಿಗಳು ಆ ಉದಯಕ್ಕೆ ಒದಗುವ ಬಾಹ್ಯನಿಮಿತ್ತಗಳು ಮಾತ್ರ. ಆದರೂ ವಿವೇಚನೆಯ ಕ್ರಮವಾಗಿ ಈ ನಾಲ್ಕು ಪ್ರಶ್ನೆಗಳು ವೈದ್ಯನಿಗೂ ಬೇಕಾದವು: ಸ್ವಭಾವವೇನು, ಎಷ್ಟು ಕಾಲದಿಂದ, ಎಷ್ಟು ತೀವ್ರ, ಎಷ್ಟು ಪರಿಮಾಣ. ಕೈಪಿಡಿಗಳು ಮೊದಲನೆಯದನ್ನು ಕೇಳಿ ಲೇಖನಿ ಕೆಳಗಿಡುತ್ತವೆ.

ಉಗ್ರಾದಿತ್ಯರ ಗ್ರಂಥರಚನೆಯೇ ಈ ಭೇದಕ್ಕೆ ಸಾಕ್ಷಿ. 1940ರಲ್ಲಿ ಸೊಲ್ಲಾಪುರದಿಂದ ವರ್ಧಮಾನ ಪಾರ್ಶ್ವನಾಥ ಶಾಸ್ತ್ರಿಗಳು ಹಿಂದೀ ಅನುವಾದದೊಡನೆ ಪ್ರಕಟಿಸಿದ ಕಲ್ಯಾಣಕಾರಕದಲ್ಲಿ ಸ್ವಾಸ್ಥ್ಯರಕ್ಷಣೆ ಮೊದಲು ಬರುತ್ತದೆ. ವಾತರೋಗ, ಪಿತ್ತರೋಗ, ಕಫರೋಗಗಳು ಎಂಟು, ಒಂಬತ್ತು, ಹತ್ತನೆಯ ಪರಿಚ್ಛೇದಗಳಲ್ಲಿ ಬರುತ್ತವೆ. ದೋಷಕ್ಕನುಸಾರವಾಗಿ ವಿಭಜಿಸಿರುವುದು ರೋಗಗಳನ್ನು, ಮನುಷ್ಯರನ್ನಲ್ಲ. ರೋಗಕ್ಕೆ ಪೂರ್ವಕೃತ ಕರ್ಮವೇ ಪ್ರಧಾನಹೇತುವೆಂದು ನಂಬಿದ ಆಚಾರ್ಯರು ದೇಹದ ಬಗೆಯನ್ನೇ ಹಣೆಬರಹವೆಂದು ಎಣಿಸಲಿಲ್ಲವೆಂಬುದು ಗಮನಾರ್ಹ.

ದೋಷಶಮನದ ವಿಷಯದಲ್ಲಿ ಜೈನವೈದ್ಯನ ಕಷ್ಟ ಬೇರೆಯದು. ವಾತಕ್ಕೆ ತೈಲ, ಪಿತ್ತಕ್ಕೆ ಘೃತ, ಕಫಕ್ಕೆ ಮಧು ಶ್ರೇಷ್ಠವೆಂದು ವಾಗ್ಭಟನ ಸೂತ್ರ. ಮೊದಲೆರಡಕ್ಕೆ ಅಡ್ಡಿಯಿಲ್ಲ. ಮೂರನೆಯದು ಶ್ರಾವಕನ ಅಷ್ಟಮೂಲಗುಣಗಳಿಗೇ ವಿರುದ್ಧ. ಮದ್ಯಮಾಂಸಗಳ ಜೊತೆಗೆ ಮಧುವೂ ತ್ಯಾಜ್ಯ. ನೃಪತುಂಗನ ಸಭೆಯಲ್ಲಿ ಮಾಂಸೌಷಧವನ್ನು ಖಂಡಿಸಿದ ಉಗ್ರಾದಿತ್ಯರ ಹಿತಾಹಿತಾಧ್ಯಾಯ ಪ್ರಸಿದ್ಧವಾಗಿದೆ. ಜೇನಿನ ಪ್ರಶ್ನೆ ಅಷ್ಟು ಚರ್ಚಿತವಾಗಿಲ್ಲ. ಕಫವನ್ನು ಶಮಿಸುವುದು ಜೇನಿನ ರೂಕ್ಷಗುಣ; ಆ ಗುಣ ಶುಂಠಿ, ಹಿಪ್ಪಲಿಗಳಲ್ಲಿಲ್ಲದಿದ್ದರೂ ಮೆಣಸಿನಲ್ಲಿ, ಯವದಲ್ಲಿ, ತ್ರಿಫಲೆಯಲ್ಲಿ, ಲಘುಭೋಜನದಲ್ಲಿ ದೊರೆಯುತ್ತದೆ. ಗುಣವನ್ನು ಹಿಡಿದು ಚಿಕಿತ್ಸೆ ಮಾಡುವವನಿಗೆ ಬದಲಿ ದ್ರವ್ಯವಿದೆ, ಪಟ್ಟಿಯನ್ನು ಹಿಡಿದವನಿಗೆ ಇಲ್ಲ. ಪಿತ್ತಕ್ಕೆ ಹಿತವಾದ ಆಲ, ಅರಳಿ, ಅತ್ತಿ, ಬಸರಿಗಳ ತೊಗಟೆಯ ಕಷಾಯವನ್ನು ಪಂಚೋದುಂಬರತ್ಯಾಗದ ಹೆಸರಿನಲ್ಲಿ ಬಿಡುವವರೂ ಇದ್ದಾರೆ. ಅಲ್ಲಿ ನಿಷೇಧವಿರುವುದು ಜೀವಸಂಕುಲವಾದ ಫಲಕ್ಕೆ, ತೊಗಟೆಗಲ್ಲ.

ವ್ರತಕಾಲದಲ್ಲಿ ಪ್ರಕೃತಿಜ್ಞಾನದ ಪ್ರಯೋಜನ ಪ್ರತ್ಯಕ್ಷ. ವಾತವು ಗ್ರೀಷ್ಮದಲ್ಲಿ ಸಂಚಯಗೊಂಡು ವರ್ಷಾಋತುವಿನಲ್ಲಿ ಪ್ರಕೋಪಗೊಳ್ಳುತ್ತದೆಂಬುದು ಸರ್ವಸಮ್ಮತ. ಚಾತುರ್ಮಾಸದ ಉಪವಾಸಗಳೂ ಭಾದ್ರಪದದ ದಶಲಕ್ಷಣಪರ್ವವೂ ಬರುವುದು ಆ ಕಾಲದಲ್ಲಿ. ಲಂಘನ ವಾತವರ್ಧಕ. ಮೂಡಬಿದಿರೆಯಂತಹ ಮಳೆನಾಡಿನಲ್ಲಿ ತೇವದ ಶೈತ್ಯವೂ ಸೇರುತ್ತದೆ. ಶ್ಲೇಷ್ಮಲನು ಎಂಟು ದಿನ ನಿರಾಹಾರನಾಗಿದ್ದು ಹಗುರವಾಗಿ ಏಳಬಹುದು. ವಾತಲನು ಮೂರನೆಯ ದಿನಕ್ಕೇ ತಲೆತಿರುಗಿ ಬೀಳಬಹುದು. ಎರಡನೆಯವನ ಶ್ರದ್ಧೆ ಕಡಮೆಯೆಂದು ಆಡಿಕೊಳ್ಳುವುದು ಅನ್ಯಾಯ. ಷೋಡಶಕಾರಣಭಾವನೆಗಳಲ್ಲಿ ತ್ಯಾಗಕ್ಕೂ ತಪಕ್ಕೂ ‘ಶಕ್ತಿಗೆ ತಕ್ಕಂತೆ’ ಎಂಬ ವಿಶೇಷಣವನ್ನು ಸೂತ್ರಕಾರರು ಸುಮ್ಮನೆ ಇಟ್ಟಿಲ್ಲ. ವೈದ್ಯಶಾಸ್ತ್ರ ವ್ರತವನ್ನು ತಡೆಯುವುದಿಲ್ಲ. ಅನಶನವೋ ಅವಮೌದರ್ಯವೋ ಎಂಬ ಆಯ್ಕೆಗೆ, ಪಾರಣೆಯಲ್ಲಿ ಬಿಸಿಗಂಜಿಗೆ ತುಪ್ಪವಿರಲಿ ಎಂಬ ವಿವೇಕಕ್ಕೆ ಅದು ನೆರವಾಗುತ್ತದೆ. ಅಪಾಯಕರ ರೋಗವಿರುವವರಂತೂ ವೈದ್ಯರನ್ನು ಕೇಳದೆ ದೀರ್ಘೋಪವಾಸ ಕೈಕೊಳ್ಳತಕ್ಕದ್ದಲ್ಲ.

ಈ ದೃಷ್ಟಿಯಿಂದ ಕನ್ನಡ ವೈದ್ಯಗ್ರಂಥಗಳ ಪ್ರತಿಗಳನ್ನು ಪರಿಷ್ಕರಿಸುವವರು ಕೆಲವು ಶಬ್ದಗಳ ವಿಷಯದಲ್ಲಿ ಎಚ್ಚರದಿಂದಿರಬೇಕು. ‘ಮಧು’ ಎಂದಲ್ಲಿ ಜೇನು, ಮದ್ಯ, ಅತಿಮಧುರ, ವಸಂತ ಇವುಗಳಲ್ಲಿ ಯಾವುದು ಎಂಬುದನ್ನು ಸಂದರ್ಭದಿಂದ ನಿರ್ಣಯಿಸದೆ ಗ್ರಂಥಕಾರನು ವ್ರತ ಮೀರಿದನೆಂದು ಟಿಪ್ಪಣಿ ಬರೆಯಬಾರದು. ‘ವಾತಲ’ವನ್ನು ಲಿಪಿಕಾರನ ಸ್ಖಾಲಿತ್ಯವೆಂದು ಭಾವಿಸಿ ‘ವಾತ’ವೆಂದೋ ‘ವಾತಪ್ರಕೃತಿ’ಯೆಂದೋ ತಿದ್ದುವುದು, ಆತ್ರೇಯನು ಯಾವ ಭೇದಕ್ಕಾಗಿ ವಾದಿಸಿದನೋ ಅದನ್ನೇ ಅಳಿಸಿದಂತೆ. ಇನ್ನು ‘ಪಿತ್ತಲ’: ಲಕಾರ ಳಕಾರಗಳ ವ್ಯತ್ಯಯ ಕನ್ನಡದ ಪ್ರತಿಗಳಲ್ಲಿ ಸಹಜವಾದ್ದರಿಂದ ಅದು ‘ಪಿತ್ತಳ’ವಾಗಿಯೂ ಕಾಣಬಹುದು. ಪಥ್ಯಪ್ರಕರಣದಲ್ಲಿ ಅದು ಪಿತ್ತಾಧಿಕನಾದ ಮನುಷ್ಯ. ನಾಲ್ಕು ಗರಿ ಮುಂದೆ ಲೋಹಶೋಧನೆಯ ಪ್ರಕರಣದಲ್ಲಿ ಅದೇ ಶಬ್ದ ಹಿತ್ತಾಳೆ.