ಅಲ್ಲಮನ ಕಳಸ, ಜನ್ನನ ಕೋಳಿ: ಕನ್ನಡದ ಅಲೌಕಿಕ ಕಥೆಗಳಲ್ಲಿ ಕಟ್ಟು ಮತ್ತು ಸ್ವಾತಂತ್ರ್ಯ

ಆನವಟ್ಟಿಯ ಒಂದು ಮಗ್ಗುಲಿಗೆ ಶಿರಾಳಕೊಪ್ಪದ ಹತ್ತಿರದ ಬಳ್ಳಿಗಾವಿ, ಇನ್ನೊಂದು ಮಗ್ಗುಲಿಗೆ ವರದಾ ನದಿಯ ದಂಡೆಯ ಬನವಾಸಿ. ಈ ಎರಡು ಊರುಗಳ ನಡುವೆ ಒಬ್ಬನೇ ಮನುಷ್ಯನ ಕಥೆ ಎರಡು ತೀರ ಬೇರೆ ರೀತಿಗಳಲ್ಲಿ ನಡೆದಿದೆ. ಆ ಮನುಷ್ಯ ಅಲ್ಲಮ. ದೆವ್ವ, ದೈವ, ಪವಾಡ, ಪುನರ್ಜನ್ಮಗಳನ್ನು ಬರೆಯುವ ಕಥೆಗಾರನಿಗೆ ಎಷ್ಟು ಸ್ವಾತಂತ್ರ್ಯವಿದೆ, ಹಳೆಯ ಕಟ್ಟನ್ನು ಅವನು ಎಲ್ಲಿಯವರೆಗೆ ಬಗ್ಗಿಸಬಹುದು ಎಂಬ ಪ್ರಶ್ನೆಯನ್ನು ಕನ್ನಡದಲ್ಲಿ ಕೇಳುವುದಾದರೆ ಇಲ್ಲಿಂದಲೇ ಶುರುಮಾಡಬೇಕು.

ಹರಿಹರನ ‘ಪ್ರಭುದೇವರ ರಗಳೆ’ಯ ಅಲ್ಲಮ ಬಳ್ಳಿಗಾವಿಯ ಮದ್ದಳೆಗಾರ. ಕೈಲಾಸದಿಂದ ಶಾಪ ಹೊತ್ತು ಇಳಿದವನೆಂಬ ಹಿನ್ನೆಲೆ ಇದ್ದರೂ ನೆಲಕ್ಕೆ ಬಂದ ಮೇಲೆ ಅವನು ಪೂರ್ತಿ ಮನುಷ್ಯ. ಕಮಲತೆಯನ್ನು ಪ್ರೀತಿಸುತ್ತಾನೆ, ಅವಳೊಡನೆ ಸುಖವಾಗಿರುತ್ತಾನೆ. ಜ್ವರ ಬಂದು ಅವಳು ಸಾಯುತ್ತಾಳೆ. ಹುಚ್ಚು ಹಿಡಿದವನಂತೆ ಅಲೆದ ಅಲ್ಲಮ ಒಂದು ತೋಟದಲ್ಲಿ ಕೂತು ಕಾಲುಗುರಿನಿಂದ ನೆಲ ಕೆರೆಯುತ್ತಿರುವಾಗ ಚಿನ್ನದ ಕಳಸದ ತುದಿ ಕಾಣುತ್ತದೆ. ಅಗೆದರೆ ಕೆಳಗೆ ಹೂತುಹೋದ ದೇಗುಲ. ಬಾಗಿಲು ಒದ್ದು ಒಳಹೊಕ್ಕರೆ ಕದಲದೆ ಕೂತ ಅನಿಮಿಷಯೋಗಿ. ಯೋಗಿಯ ಅಂಗೈಯಲ್ಲಿದ್ದ ಲಿಂಗ ಅಲ್ಲಮನ ಕೈಗೆ ಬರುತ್ತದೆ, ಯೋಗಿಯ ಪ್ರಾಣ ಹೋಗುತ್ತದೆ.

ಈ ಪ್ರಸಂಗದಲ್ಲಿ ನೆಲದಡಿಯ ಲೋಕ ಸುಮ್ಮನೆ ತೆರೆದುಕೊಳ್ಳುವುದಿಲ್ಲ. ಹೆಂಡತಿಯ ಸಾವು, ಹೊತ್ತುಗೊತ್ತಿಲ್ಲದ ಅಲೆದಾಟ, ಮೈಮೇಲೆ ಎಚ್ಚರವಿಲ್ಲದೆ ನೆಲ ಕೆರೆಯುವ ಕಾಲುಗುರು, ಇವೆಲ್ಲ ಸೇರಿ ಆ ಕಳಸವನ್ನು ಮೇಲೆತ್ತುತ್ತವೆ. ಜ್ವರದಂಥ ದಿನನಿತ್ಯದ ಸಂಗತಿಯ ಪಕ್ಕದಲ್ಲೇ ಹೂತ ದೇಗುಲವನ್ನು ಇಟ್ಟಿರುವುದರಿಂದ ಓದುಗನಿಗೆ ಎರಡರ ಮೇಲೂ ಅನುಮಾನ ಬರುವುದಿಲ್ಲ. ಶಿವಭಕ್ತರ ಕಥೆ ಹೇಳಲು ರಗಳೆಯನ್ನು ಹಿಗ್ಗಿಸಿಕೊಂಡ ಕವಿಗೆ ಅಲೌಕಿಕವನ್ನೂ ಅದೇ ಧೈರ್ಯದಿಂದ ಬಗ್ಗಿಸುವುದು ಗೊತ್ತಿತ್ತು.

ಸುಮಾರು ಎರಡು ಶತಮಾನ ಕಳೆದು, ವಿಜಯನಗರದ ಪ್ರೌಢದೇವರಾಯನ ಕಾಲದಲ್ಲಿ, ಚಾಮರಸ ‘ಪ್ರಭುಲಿಂಗಲೀಲೆ’ ಬರೆದ. ಅಲ್ಲಿ ಜ್ವರವಿಲ್ಲ, ಕಮಲತೆಯಿಲ್ಲ. ಕೈಲಾಸದಲ್ಲಿ ಶಿವ ಪಾರ್ವತಿಯರ ನಡುವೆ ಪಂಥ ನಡೆದು, ಅಲ್ಲಮನನ್ನು ಮರುಳುಮಾಡುತ್ತೇನೆಂದು ಪಾರ್ವತಿಯ ತಾಮಸಕಳೆ ಬನವಾಸಿಯ ದೊರೆ ಮಮಕಾರನ ಮಗಳು ಮಾಯೆಯಾಗಿ ಹುಟ್ಟುತ್ತದೆ. ಮಧುಕೇಶ್ವರನ ಗುಡಿಯಲ್ಲಿ ಅಲ್ಲಮ ಮದ್ದಳೆ ನುಡಿಸುತ್ತಾನೆ, ಮಾಯೆ ಕುಣಿಯುತ್ತಾಳೆ. ಅವಳ ಕೈಗೆ ಅವನು ಕೊನೆಗೂ ಸಿಕ್ಕುವುದಿಲ್ಲ. ಅಲ್ಲಮನಂಥ ಜ್ಞಾನಿ ಹೆಣ್ಣಿನ ಸಾವಿಗೆ ಅತ್ತಿದ್ದ ಎಂಬುದನ್ನು ಒಪ್ಪಲಾರದೆ ಕವಿ ಹಿಂದಿನ ಕಥೆಯನ್ನೇ ತಿರುವಿಹಾಕಿದ್ದಾನೆ. ಇಷ್ಟು ದೊಡ್ಡ ಸ್ವಾತಂತ್ರ್ಯ ತೆಗೆದುಕೊಂಡ ಕವಿಗಳು ಕನ್ನಡದಲ್ಲಿ ಕಡಿಮೆ.

ಆದರೆ ಇದರಿಂದ ಒಂದು ನಷ್ಟವೂ ಆಯಿತು. ಏನೂ ತಟ್ಟದವನಿಗೆ ಏನಾದೀತೋ ಎಂಬ ಆತಂಕ ಓದುಗನಿಗೆ ಹುಟ್ಟಲಾರದು. ಚಾಮರಸನ ಕಾವ್ಯದ ಆ ಭಾಗದಲ್ಲಿ ಜೀವ ಮಿಡಿಯುವುದು ಮಾಯೆಯಲ್ಲಿ. ಲೋಕವನ್ನೆಲ್ಲ ಮರುಳುಮಾಡುವ ಶಕ್ತಿಯೇ ಒಬ್ಬ ಮದ್ದಳೆಗಾರನಿಗಾಗಿ ನವೆಯುತ್ತದೆ, ಸೋಲುತ್ತದೆ. ದೈವಾಂಶವೊಂದು ಮನುಷ್ಯರಂತೆ ನೋಯುವುದನ್ನು ಕವಿ ಉದ್ದೇಶಿಸಿದ್ದನೋ ಇಲ್ಲವೋ, ಕಾವ್ಯ ಅದನ್ನು ಬಿಟ್ಟುಕೊಟ್ಟಿಲ್ಲ. ಹರಿಹರ ಅಲ್ಲಮನಿಂದ ವಸೂಲು ಮಾಡಿದ ಬೆಲೆಯನ್ನು ಚಾಮರಸ ಮಾಯೆಯಿಂದ ವಸೂಲು ಮಾಡುತ್ತಾನೆ. ಯಾರಿಂದಲೂ ಏನನ್ನೂ ವಸೂಲು ಮಾಡದಿದ್ದರೆ ‘ಪ್ರಭುಲಿಂಗಲೀಲೆ’ ಬರೀ ಸ್ತುತಿಯಾಗಿ ಉಳಿಯುತ್ತಿತ್ತು.

ಅದೇ ಕಾವ್ಯದ ಗೋರಕ್ಷನ ಪ್ರಸಂಗವನ್ನು ಈ ಹಿನ್ನೆಲೆಯಲ್ಲಿ ಮತ್ತೆ ಓದಬೇಕು. ಸಾಧನೆಯಿಂದ ವಜ್ರದಂಥ ದೇಹ ಪಡೆದ ಗೋರಕ್ಷನ ಮೇಲೆ ಕತ್ತಿ ಬೀಸಿದರೆ ಖಣಿಲೆಂಬ ಸದ್ದು ಬರುತ್ತದೆ, ಕೂದಲೂ ಕೊಂಕುವುದಿಲ್ಲ. ಅದೇ ಕತ್ತಿಯನ್ನು ಅಲ್ಲಮನ ಮೇಲೆ ಬೀಸಿದರೆ ಬಯಲಲ್ಲಿ ಬೀಸಿದಂತೆ ಹಾಯ್ದುಹೋಗುತ್ತದೆ. ಪವಾಡಕ್ಕೆ ಅದಕ್ಕಿಂತ ದೊಡ್ಡ ಪವಾಡವನ್ನು ಎದುರು ನಿಲ್ಲಿಸುವುದು ಕಥೆಗಾರರ ಹಳೆಯ ಚಾಳಿ. ಇಲ್ಲಿ ಅಲ್ಲಮನ ದೇಹ ಗೋರಕ್ಷನದಕ್ಕಿಂತ ಗಟ್ಟಿಯೆಂದು ಕವಿ ತೋರಿಸಲು ಹೋಗುವುದಿಲ್ಲ, ಗಟ್ಟಿತನವನ್ನೇ ಲೆಕ್ಕದಿಂದ ತೆಗೆದುಹಾಕುತ್ತಾನೆ. ಗೋರಕ್ಷ ಇಷ್ಟು ದಿನ ನಂಬಿದ್ದ ಆಟದ ಕಟ್ಟಳೆಯೇ ಅಲ್ಲಿಗೆ ಮುಗಿಯಿತು. ಅತಿಮಾನುಷ ಶಕ್ತಿಗಳ ಕಥೆ ಬರೆಯುವ ಇಂದಿನ ಯಾರೇ ಆದರೂ ಈ ಒಂದು ಪ್ರಸಂಗವನ್ನು ಹತ್ತು ಸಲ ಓದಿಕೊಳ್ಳಬೇಕು.

ಆನವಟ್ಟಿಯ ಮಗ್ಗುಲಲ್ಲೇ ಇರುವ ಕುಬಟೂರಿನ ಕೈಟಭೇಶ್ವರ ದೇವಾಲಯವನ್ನು ನೋಡಲು ಬರುವವರಿಗೆ ಊರಿನವರು ಚಂದ್ರಹಾಸನ ಹೆಸರನ್ನೂ ಹೇಳುತ್ತಾರೆ. ‘ಜೈಮಿನಿ ಭಾರತ’ದ ಕುಂತಳಪುರ ಇದೇ ಊರೆಂಬುದು ಸ್ಥಳೀಯ ನಂಬಿಕೆ. ಲಕ್ಷ್ಮೀಶನ ಆ ಕಥೆಯ ಕೊನೆಯಲ್ಲಿ ಸತ್ತವರು ಏಳುತ್ತಾರೆ. ಚಂದ್ರಹಾಸನನ್ನು ಕೊಲ್ಲಿಸಲು ಮಂತ್ರಿ ದುಷ್ಟಬುದ್ಧಿ ಹೂಡಿದ ಸಂಚಿಗೆ ಅವನ ಸ್ವಂತ ಮಗ ಮದನ ಬಲಿಯಾಗುತ್ತಾನೆ, ಮಗನ ಹೆಣ ಕಂಡ ತಂದೆಯೂ ಪ್ರಾಣ ಬಿಡುತ್ತಾನೆ. ಸತ್ತವರನ್ನು ಎಬ್ಬಿಸುವುದು ಕಥೆಗಾರನಿಗೆ ತೀರ ಸುಲಭದ ದಾರಿ, ಆದ್ದರಿಂದಲೇ ಅಪಾಯದ ದಾರಿ. ಲಕ್ಷ್ಮೀಶ ದೇವಿಯನ್ನು ತಾನಾಗಿಯೇ ಕರೆಸುವುದಿಲ್ಲ. ತನ್ನನ್ನು ಕೊಲ್ಲಲು ಹೊಂಚಿದವನಿಗಾಗಿ ಚಂದ್ರಹಾಸ ತನ್ನ ದೇಹವನ್ನೇ ಅರ್ಪಿಸಲು ಸಿದ್ಧನಾದ ಮೇಲೆ ಮಾತ್ರ ಕಾಳಿ ಪ್ರತ್ಯಕ್ಷಳಾಗುತ್ತಾಳೆ. ಯಕ್ಷಗಾನದಲ್ಲಿ ಈ ಪ್ರಸಂಗ ಇಂದಿಗೂ ಜನ ಸೇರಿಸುವುದಕ್ಕೆ ಈ ಕಟ್ಟೂ ಒಂದು ಕಾರಣ.

ಇನ್ನು ಜನ್ನ. 1209ರ ‘ಯಶೋಧರ ಚರಿತೆ’ಯಲ್ಲಿ ರಾಜ ಯಶೋಧರ ಜೀವಹಿಂಸೆಗೆ ಒಪ್ಪದೆ, ತಾಯಿಯ ಒತ್ತಾಯವನ್ನೂ ಮೀರಲಾರದೆ, ಹಿಟ್ಟಿನ ಕೋಳಿಯನ್ನು ಬಲಿ ಕೊಡುತ್ತಾನೆ. ಕತ್ತಿ ತಾಗಿದ್ದೇ ತಡ, ಹಿಟ್ಟಿನ ಕೋಳಿ ಕೂಗುತ್ತದೆ. ಅಲ್ಲಿಂದ ಮುಂದೆ ತಾಯಿ ಮಗ ಇಬ್ಬರೂ ಜನ್ಮಜನ್ಮಾಂತರಗಳಲ್ಲಿ ಪ್ರಾಣಿಗಳಾಗಿ ಹುಟ್ಟಿ, ಒಬ್ಬರಿಗೊಬ್ಬರು ಸಾವಾಗುತ್ತ ಅಲೆಯುತ್ತಾರೆ. ಭವಾವಳಿಯ ಕಥನಕ್ರಮವನ್ನು ಜೈನ ಪರಂಪರೆ ಅದಾಗಲೇ ಕಟ್ಟಿಕೊಟ್ಟಿತ್ತು. ಆ ಕ್ರಮದಲ್ಲಿ ಕರ್ಮಕ್ಕೆ ತಕ್ಕ ಫಲ ಲೆಕ್ಕಾಚಾರದಂತೆ ಬರುತ್ತದೆ, ಓದುಗ ಬೆಚ್ಚುವುದಿಲ್ಲ. ಬೆಚ್ಚಿಬೀಳಿಸುವುದು ಆ ಕೂಗು. ಕೊಂದಿಲ್ಲ, ಕೊಂದಂತೆ ನಟಿಸಿದ್ದಷ್ಟೇ ಎಂಬ ರಾಜನ ಸಮಾಧಾನವನ್ನು ಅದು ಒಂದೇ ಕ್ಷಣದಲ್ಲಿ ಸೀಳುತ್ತದೆ. ಧರ್ಮಶಾಸ್ತ್ರದ ಒಂದು ಸೂಕ್ಷ್ಮವನ್ನು, ಅಂದರೆ ಸಂಕಲ್ಪದ ಹಿಂಸೆಯೂ ಹಿಂಸೆಯೆಂಬುದನ್ನು, ಕಿವಿಗೆ ಕೇಳಿಸುವಂತೆ ಮಾಡಿದ್ದು ಆ ಕೂಗು.

ಗಿರೀಶ ಕಾರ್ನಾಡರು ‘ಹಿಟ್ಟಿನ ಹುಂಜ’ ಬರೆದಾಗ ಭವಾವಳಿಯನ್ನು ಪೂರ್ತಿ ಕತ್ತರಿಸಿಹಾಕಿದರು. ಉಳಿದದ್ದು ಒಂದು ರಾತ್ರಿ, ರಾಜ, ರಾಣಿ, ರಾಜಮಾತೆ, ಮಾವುತ, ಮತ್ತು ಹಿಟ್ಟಿನ ಹುಂಜ. ಶ್ರದ್ಧಾವಂತ ಓದುಗರಿಗೆ ಇದು ಅಂಗಚ್ಛೇದವೆಂದು ಕಂಡರೆ ಆಶ್ಚರ್ಯವಿಲ್ಲ, ಏಕೆಂದರೆ ಭವಾವಳಿಯಿಲ್ಲದ ಯಶೋಧರನ ಕಥೆ ಜೈನರ ಕಥೆಯಾಗಿ ಉಳಿಯುವುದಿಲ್ಲ. ಆದರೂ ಕಾರ್ನಾಡರ ಆಯ್ಕೆಯಲ್ಲಿ ತೂಕವಿದೆ. ಜನ್ಮಗಳ ನಂಬಿಕೆಯಿಲ್ಲದ ಪ್ರೇಕ್ಷಕನಿಗೂ ಹುಂಜದ ಹೆದರಿಕೆ ದಾಟುವಂತೆ, ಶಿಕ್ಷೆಯನ್ನು ಮುಂದಿನ ಜನ್ಮಕ್ಕೆ ತಳ್ಳದೆ ಅದೇ ರಾತ್ರಿಯ ದಾಂಪತ್ಯದೊಳಗೆ ತಂದು ನಿಲ್ಲಿಸಿದರು. ಕಿತ್ತುಹಾಕಿದ ಜಾಗವನ್ನು ಖಾಲಿ ಬಿಡಲಿಲ್ಲ.

‘ನಾಗಮಂಡಲ’ದಲ್ಲಿ (1988) ಅವರು ಇನ್ನೂ ಮುಂದೆ ಹೋದರು. ದೀಪಗಳು ಆರಿದ ಮೇಲೆ ಊರಿನ ಜ್ಯೋತಿಗಳೆಲ್ಲ ಗುಡಿಯಲ್ಲಿ ಸೇರಿ ಹರಟುತ್ತವೆಂಬುದು ಅಜ್ಜಿಯರ ಕಥೆಗಳ ಸಂಗತಿ. ಗಂಡನ ರೂಪ ತಾಳಿ ರಾತ್ರಿ ಬರುವ ಹಾವಿನ ಕಥೆಯೂ ಹಾಗೆಯೇ. ಎರಡನ್ನೂ ಹೆಣೆದ ಕಾರ್ನಾಡರು, ನಾಗ ನಾಯಕಿ ರಾಣಿಯ ಜಡೆಗೆ ಕೊರಳೊಡ್ಡಿ ಸಾಯುವ ಮುಕ್ತಾಯವನ್ನು ಕೊಟ್ಟು, ಅದು ಸಾಲದೆಂದು ಜ್ಯೋತಿಗಳಿಂದಲೇ ತಕರಾರು ಎತ್ತಿಸಿ, ಹಾವು ಅವಳ ಕೂದಲಲ್ಲೇ ಬದುಕಿ ಉಳಿಯುವ ಇನ್ನೊಂದು ಮುಕ್ತಾಯವನ್ನೂ ಕೊಟ್ಟರು. ಕಥೆಯ ಕಟ್ಟು ಮುರಿಯುವುದೇ ಇಲ್ಲಿ ನಾಟಕದ ವಸ್ತುವಾಗಿದೆ. ಅದಕ್ಕೂ ಮೊದಲು, 1984ರಲ್ಲಿ ಬಂದ ದೇವನೂರ ಮಹಾದೇವರ ‘ಕುಸುಮಬಾಲೆ’ಯಲ್ಲಿ ಜೋತಮ್ಮಗಳು ಮಾತಾಡಿದ್ದವು. ಎರಡನ್ನೂ ಪಕ್ಕಪಕ್ಕ ಇಟ್ಟರೆ ಮಹಾದೇವರ ಜೋತಮ್ಮಗಳೇ ಹೆಚ್ಚು ಕಾಡುತ್ತವೆ. ಕಾರ್ನಾಡರ ಜ್ಯೋತಿಗಳು ಕಥೆ ಕೇಳಲು ಕೂತ ರಸಿಕರು. ‘ಕುಸುಮಬಾಲೆ’ಯಲ್ಲಾದರೋ, ಜಾತಿ ಮೀರಿ ಪ್ರೀತಿಸಿದ ದಲಿತ ಯುವಕ ಚೆನ್ನ ಕೊಲೆಯಾದ ಊರಿನಲ್ಲಿ ಮನುಷ್ಯರು ಬಾಯಿಬಿಡಲಾರದ್ದನ್ನು ದೀಪ ಆಡಬೇಕಾಗಿ ಬಂದಿದೆ. ಅಲ್ಲಿ ಅಲೌಕಿಕ ಬಂದದ್ದು ಅಗತ್ಯ ಬಿದ್ದು.

ಶಿವರಾಮ ಕಾರಂತರದು ಮತ್ತೊಂದು ದಾರಿ. ಮೂಢನಂಬಿಕೆಯನ್ನು ಜೀವನವಿಡೀ ಪ್ರಶ್ನಿಸಿದ ಲೇಖಕ 1968ರ ‘ಮೂಕಜ್ಜಿಯ ಕನಸುಗಳು’ ಕಾದಂಬರಿಯಲ್ಲಿ ಒಬ್ಬ ವಿಧವೆ ಅಜ್ಜಿಗೆ ಅತೀಂದ್ರಿಯ ಶಕ್ತಿ ಕೊಟ್ಟರು. ಒಂದು ಮೂಳೆಯ ಚೂರೋ ಹಳೆಯ ವಸ್ತುವೋ ಕೈಗೆ ಬಂದರೆ ಅದರ ಹಿಂದಿನ ಕಾಲ ಅವಳ ಕಣ್ಣಿಗೆ ಕಟ್ಟುತ್ತದೆ. ಅದು ಹೇಗೆ ಸಾಧ್ಯವೆಂದು ಕಾರಂತರು ವಿವರಿಸಲು ಹೊರಡುವುದಿಲ್ಲ. ಆ ಒಂದು ವಿನಾಯಿತಿ ಬಿಟ್ಟರೆ ಮೂಡೂರಿನ ಮನೆ, ಜಗಳ, ಬಡತನ, ಮೊಮ್ಮಗ ಸುಬ್ಬರಾಯನ ಕುತೂಹಲ ಎಲ್ಲವೂ ನೆಲದ ಮೇಲೆಯೇ ಇವೆ. ಹೆಚ್ಚಿನದಾಗಿ, ಅಜ್ಜಿ ತನ್ನ ಶಕ್ತಿಯನ್ನು ಬಳಸುವುದು ದೇವರುಗಳ ಹುಟ್ಟನ್ನೇ ಕೆದಕುವುದಕ್ಕೆ. ಅಲೌಕಿಕ ಸಾಧನದಿಂದ ಅಲೌಕಿಕದ ಬೇರನ್ನೇ ಅಲುಗಿಸಿದ ಇಂಥ ಇನ್ನೊಂದು ಕಾದಂಬರಿಯನ್ನು ಕನ್ನಡದಲ್ಲಿ ತೋರಿಸುವುದು ಕಷ್ಟ.

ಅದೇ 1968ರಲ್ಲಿ ಎಸ್.ಎಲ್. ಭೈರಪ್ಪನವರ ‘ನಾಯಿ ನೆರಳು’ ಪ್ರಕಟವಾಯಿತು. ಸತ್ತ ಮಗ ಬೇರೆಡೆ ಮರುಹುಟ್ಟು ಪಡೆದು ಬೆಳೆದು ಬಂದಿದ್ದಾನೆಂದು ನಂಬುವ ಮನೆ, ಆ ಎಳೆಯ ಯುವಕನನ್ನು ಗಂಡನೆಂದು ಒಪ್ಪಬೇಕಾದ ವಿಧವೆ ಸೊಸೆ ವೆಂಕು. ಪುನರ್ಜನ್ಮವನ್ನು ಒಮ್ಮೆ ಒಪ್ಪಿದರೆ ಸಂಬಂಧಗಳ ಕಟ್ಟಳೆ ಏನಾಗುತ್ತದೆ ಎಂಬುದು ಭೈರಪ್ಪನವರ ಹುಡುಕಾಟ. ಗಿರೀಶ ಕಾಸರವಳ್ಳಿ 2006ರಲ್ಲಿ ಇದನ್ನು ಸಿನಿಮಾ ಮಾಡಿದಾಗ ಪ್ರಶ್ನೆಯ ಮುಖವನ್ನೇ ತಿರುಗಿಸಿದರು. ಹುಡುಗ ನಿಜವಾಗಿ ಮರುಹುಟ್ಟಿದವನೋ ಅಲ್ಲವೋ ಎಂಬುದು ಹಿಂದೆ ಸರಿದು, ಈ ನಂಬಿಕೆ ವೆಂಕುವಿಗೆ ಏನನ್ನು ಕೊಟ್ಟಿತು, ಏನನ್ನು ಕಸಿಯಿತು ಎಂಬುದು ಮುಂದೆ ಬಂತು. ಲೌಕಿಕ ವಿವರಣೆಗೂ ಅಲೌಕಿಕ ವಿವರಣೆಗೂ ನಡುವೆ ಓದುಗ ತೂಗಾಡುವುದೇ ಅದ್ಭುತ ಕಥನದ ಪ್ರಾಣವೆಂದು ಫ್ರಾನ್ಸಿನ ವಿಮರ್ಶಕ ತ್ಸ್ವೆತಾನ್ ತೊದೊರೊವ್ 1970ರಲ್ಲಿ ವಾದಿಸಿದ್ದ. ಕಾಸರವಳ್ಳಿಯವರ ಸಿನಿಮಾದಲ್ಲಿ ಆ ತೂಗಾಟದ ಹೊಣೆ ಒಬ್ಬ ಹೆಣ್ಣಿನ ಬದುಕಿನ ಮೇಲೆ ಬಿದ್ದಿದೆ, ತೊದೊರೊವ್‌ನ ಸಿದ್ಧಾಂತಕ್ಕಿಂತ ಅದು ಭಾರವಾದದ್ದು.

ಜನಪ್ರಿಯ ಕಾದಂಬರಿಗಳ ಮಾತು ಬೇರೆ. ಯಂಡಮೂರಿ ವೀರೇಂದ್ರನಾಥರ ‘ತುಳಸಿದಳ’ ತೆಲುಗಿನಿಂದ ವಂಶಿಯವರ ಅನುವಾದದಲ್ಲಿ ಬಂದಾಗ ಕನ್ನಡದ ಓದುಗರು ಮುಗಿಬಿದ್ದು ಓದಿದರು, 1985ರಲ್ಲಿ ಅದು ಕನ್ನಡ ಸಿನಿಮಾವೂ ಆಯಿತು. ಒಂದು ಮಗುವಿನ ಮೇಲೆ ಪ್ರಯೋಗಿಸಿದ ಕಾಷ್ಮೋರವೆಂಬ ಮಾಟ, ಒಂದು ಕಡೆ ಮಂತ್ರವಾದಿಗಳು, ಇನ್ನೊಂದು ಕಡೆ ವೈದ್ಯರು. ಎರಡು ವಿವರಣೆಗಳನ್ನೂ ಸಮಾನಾಂತರವಾಗಿ ಓಡಿಸಿದ ಚಾತುರ್ಯ ಆ ಪುಸ್ತಕದ್ದು. ಅದರ ಹಿಂದೆ ಬಂದ ಎಷ್ಟೋ ಮಾಟಮಂತ್ರದ ಕಥೆಗಳು ಆ ಚಾತುರ್ಯವನ್ನು ಬಿಟ್ಟು ನಿಂಬೆಹಣ್ಣು, ಗೊಂಬೆ, ಸೂಜಿ, ಸ್ಮಶಾನಗಳನ್ನಷ್ಟೇ ಹಿಡಿದುಕೊಂಡವು. ಮಂತ್ರವಾದಿಗೆ ಇವತ್ತು ಸಾಧ್ಯವಾದದ್ದು ನಾಳೆ ಏಕೆ ಸಾಧ್ಯವಿಲ್ಲ ಎಂಬ ಸರಳ ಪ್ರಶ್ನೆಗೂ ಅವುಗಳಲ್ಲಿ ಉತ್ತರವಿರುವುದಿಲ್ಲ. ಇನ್ನೊಂದು ಬಗೆಯ ಕಥೆಗಳು ಇದಕ್ಕೆ ತದ್ವಿರುದ್ಧ: ಕೊನೆಯ ಪುಟದವರೆಗೆ ಹೆದರಿಸಿ, ಬಿಳಿ ಸೀರೆಯ ಹಿಂದೆ ಆಸ್ತಿ ಹೊಡೆಯುವ ಚಿಕ್ಕಪ್ಪನನ್ನು ನಿಲ್ಲಿಸಿಬಿಡುತ್ತವೆ. ಓದುಗ ನಂಬಿಕೆಯಿಂದ ಕೊಟ್ಟ ಭಯವನ್ನು ಹೀಗೆ ಮರಳಿಸುವುದು ವೈಚಾರಿಕತೆಯಾಗುವುದಿಲ್ಲ.

ಇಲ್ಲಿ ಹೊಣೆಯ ಮಾತೂ ಬರುತ್ತದೆ. ಕರ್ನಾಟಕ ವಿಧಾನಮಂಡಲ ಮಾಟಮಂತ್ರ ಮತ್ತು ಅಮಾನವೀಯ ಪದ್ಧತಿಗಳ ವಿರುದ್ಧ ಕಾನೂನು ಮಾಡಿದ್ದು 2017ರಲ್ಲಿ. ಮಾಟಗಾತಿ ಎಂಬ ಆರೋಪ ಹೊತ್ತು ಏಟು ತಿನ್ನುವ ಹೆಣ್ಣುಮಕ್ಕಳು ಇರುವ ಸಮಾಜದಲ್ಲಿ ಮಾಟಗಾತಿಯ ಪಾತ್ರ ಬರೆಯುವವನಿಗೆ ಸ್ವಾತಂತ್ರ್ಯ ಇರಬೇಕು, ಇದೆ. ಆದರೆ ವಿಧವೆಯನ್ನೋ, ಒಂಟಿ ಮುದುಕಿಯನ್ನೋ, ಕೆಳಜಾತಿಯ ವೈದ್ಯನನ್ನೋ ಮತ್ತೆ ಮತ್ತೆ ಕೇಡಿನ ಮೂಲವಾಗಿ ತೋರಿಸುವುದರಲ್ಲಿ ಯಾವ ಕಟ್ಟೂ ಮುರಿಯುವುದಿಲ್ಲ, ಹಳೆಯ ಕಟ್ಟೇ ಬಿಗಿಯಾಗುತ್ತದೆ. ಮೂಕಜ್ಜಿ ಮಗುವಾಗಿದ್ದಾಗಲೇ ವಿಧವೆಯಾದವಳು ಎಂಬುದನ್ನು ಇಂಥ ಲೇಖಕರು ನೆನೆಯಬೇಕು. ಊರು ಅಪಶಕುನವೆನ್ನುವ ಹೆಣ್ಣಿನ ಕಣ್ಣಿಗೇ ಕಾರಂತರು ಕಾಲವನ್ನು ತೆರೆದಿಟ್ಟರು.

ರಿಷಬ್ ಶೆಟ್ಟಿಯವರ ‘ಕಾಂತಾರ’ (2022) ಕರಾವಳಿಯ ದೈವಾರಾಧನೆಯನ್ನು ದೇಶಕ್ಕೆಲ್ಲ ತೋರಿಸಿತು. ಅದರ ಶಕ್ತಿ ಇರುವುದು ಮೊದಲ ಕೆಲವು ನಿಮಿಷಗಳ ಒಪ್ಪಂದದಲ್ಲಿ: ನೆಮ್ಮದಿ ಬೇಡಿದ ಅರಸ ದೈವಕ್ಕೆ ಪ್ರತಿಯಾಗಿ ನೆಲವನ್ನು ಜನರಿಗೆ ಬಿಟ್ಟುಕೊಡುತ್ತಾನೆ, ಮಾತಿಗೆ ತಪ್ಪಿದರೆ ದೈವ ಕ್ಷಮಿಸದು. ಈ ಕರಾರು ಇರುವುದರಿಂದ ಮುಂದಿನ ಪ್ರತಿ ಸಾವಿಗೂ ಅರ್ಥ ಬರುತ್ತದೆ. ಕೊನೆಯ ಹೊಡೆದಾಟದಲ್ಲಿ ದೈವ ಮೈದುಂಬಿದ ಮೇಲೆ ನಾಯಕನಿಗೆ ಎದುರೇ ಇಲ್ಲವಾಗಿ, ಕಥೆ ಚಾಮರಸನ ಹಾದಿ ಹಿಡಿಯುತ್ತದೆ, ಆದರೆ ನೋಯುವುದಕ್ಕೆ ಅಲ್ಲೊಬ್ಬ ಮಾಯೆ ಇಲ್ಲ.

ಸೊರಬ, ಶಿಕಾರಿಪುರದ ಹಳ್ಳಿಗಳಲ್ಲಿ ಚೌಡಿ, ಭೂತಪ್ಪಗಳ ಕಥೆಗಳಿಗೆ ಬರವಿಲ್ಲ. ಆ ಕಥೆಗಳಲ್ಲೂ ಕರಾರುಗಳಿವೆ: ಬನದ ಮರ ಕಡಿಯಬಾರದು, ಹರಕೆ ತಪ್ಪಬಾರದು, ಎಲ್ಲೆ ಮೀರಬಾರದು. ಕಡಿದವನಿಗೆ ಏನಾಯಿತು ಎಂಬಲ್ಲಿಗೆ ಅವು ಮುಗಿಯುತ್ತವೆ. ಮರ ಕಡಿಯದೆ ಬೇರೆ ದಾರಿಯೇ ಇರದಿದ್ದ ಬಡವನೊಬ್ಬ ಅದೇ ಬನಕ್ಕೆ ಕೊಡಲಿ ಹಿಡಿದು ಬಂದರೆ ಚೌಡಿ ಏನು ಮಾಡುತ್ತಾಳೆ, ಅಡಿಕೆ ತೋಟಕ್ಕೋ ರಸ್ತೆಗೋ ಬನವೇ ಇಲ್ಲವಾದ ಮೇಲೆ ಅವಳು ಎಲ್ಲಿಗೆ ಹೋಗುತ್ತಾಳೆ, ಯಾರನ್ನು ಕೇಳುತ್ತಾಳೆ ಎಂಬ ಕಥೆಗಳನ್ನು ಬರೆಯುವ ಸ್ವಾತಂತ್ರ್ಯ ಈ ಸೀಮೆಯ ಲೇಖಕರಿಗಿದೆ. ಅದಕ್ಕೆ ಬೇಕಾದ ಉಪಾಯಗಳೆಲ್ಲ ಹರಿಹರನಿಂದ ದೇವನೂರರವರೆಗೆ ಈ ಭಾಷೆಯಲ್ಲೇ ಇವೆ.