‘ಹಾಳು ಹಂಪೆ’ ಎಂಬ ಪರಿಕಲ್ಪನೆ ಮತ್ತು ಪರಂಪರೆಯ ಸಂರಕ್ಷಣಾ ನೀತಿ

ಕನ್ನಡಿಗರ ಸಾಂಸ್ಕೃತಿಕ ಸ್ಮರಣೆಯಲ್ಲಿ ಹಂಪೆಗೆ ‘ಹಾಳು’ ಎಂಬ ವಿಶೇಷಣ ಅಂಟಿಕೊಂಡು ಬಹುಕಾಲವಾಗಿದೆ. 1565ರ ಯುದ್ಧಾನಂತರದ ವಿನಾಶವನ್ನು ಈ ಮಾತು ಶೋಕದ ಧ್ವನಿಯಲ್ಲಿ ಹಿಡಿದಿಟ್ಟಿದೆ. ಆದರೆ ಶೋಕದ ಈ ನುಡಿಗಟ್ಟೇ ಕಾಲಕ್ರಮದಲ್ಲಿ ಆಡಳಿತದ ತಿಳಿವಳಿಕೆಯಾಗಿ, ಕಾನೂನಿನ ದೃಷ್ಟಿಯಾಗಿ ಮಾರ್ಪಟ್ಟಿತೆಂಬುದು ಹೆಚ್ಚಿನ ಪರಿಶೀಲನೆಗೆ ಒಳಗಾಗಿಲ್ಲ. ಹಾಳೆಂದು ಒಪ್ಪಿಕೊಂಡ ಊರಿನಲ್ಲಿ ವಾಸಿಸುವವರ ಸ್ಥಾನವೇನು ಎಂಬ ಪ್ರಶ್ನೆಯನ್ನು ಮುಂದಿಟ್ಟುಕೊಂಡು ಈ ಪರಿಕಲ್ಪನೆಯ ಬೆಳವಣಿಗೆಯನ್ನೂ ಅದರ ಪರಿಣಾಮವನ್ನೂ ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಹಂಪೆಯನ್ನು ಕುರಿತ ಆಧುನಿಕ ದಾಖಲಾತಿ ಕಾಲಿನ್ ಮೆಕೆಂಝಿಯ ನಕ್ಷೆಯಿಂದ, ಅಂದರೆ 1799ರಿಂದ ಆರಂಭವಾಗುತ್ತದೆ. 1856ರಲ್ಲಿ ಅಲೆಕ್ಸಾಂಡರ್ ಗ್ರೀನ್‌ಲಾ ಅಲ್ಲಿನ ಸ್ಮಾರಕಗಳ ಛಾಯಾಚಿತ್ರಗಳನ್ನು ತೆಗೆದನು. ದೀರ್ಘಕಾಲ ಬೆಳಕಿಗೊಡ್ಡಬೇಕಾದ ಆ ತಂತ್ರದಲ್ಲಿ ನಿಶ್ಚಲವಾದ ಕಲ್ಲು ಸ್ಪಷ್ಟವಾಗಿ ಮೂಡುತ್ತಿತ್ತು. ಓಡಾಡುವ ಜನ ಮೂಡುವುದು ಕಷ್ಟವಿತ್ತು. 1900ರಲ್ಲಿ ರಾಬರ್ಟ್ ಸಿವೆಲ್ ತನ್ನ ಗ್ರಂಥದ ಹೆಸರಿನಲ್ಲಿಯೇ ವಿಜಯನಗರವನ್ನು ‘ಮರೆತುಹೋದ ಸಾಮ್ರಾಜ್ಯ’ವೆಂದು ಕರೆದನು. 1917ರಲ್ಲಿ ಪ್ರಕಟವಾದ ಲಾಂಗ್‌ಹರ್ಸ್ಟನ ಕೈಪಿಡಿಯ ಶೀರ್ಷಿಕೆಯಲ್ಲಿಯೂ ಅವಶೇಷಗಳೇ ಪ್ರಧಾನವಾದವು. ಇವರ ಪರಿಶ್ರಮದಿಂದ ವಿಜಯನಗರದ ಅಧ್ಯಯನಕ್ಕೆ ಭದ್ರವಾದ ತಳಹದಿ ದೊರೆಯಿತೆಂಬುದು ನಿರ್ವಿವಾದ. ಪಯಸ್ ಮತ್ತು ನೂನಿಜರ ಬರೆಹಗಳು ವಿದ್ವತ್ ಲೋಕಕ್ಕೆ ಇಂಗ್ಲಿಷಿನಲ್ಲಿ ಲಭಿಸಿದ್ದು ಸಿವೆಲ್ಲನ ಗ್ರಂಥದ ಮೂಲಕವೇ. ಆದರೂ ‘ಮರೆತವರು ಯಾರು?’ ಎಂಬ ಪ್ರಶ್ನೆ ಉಳಿಯುತ್ತದೆ. ವಿರೂಪಾಕ್ಷನ ಪೂಜೆ ಮತ್ತು ರಥೋತ್ಸವಗಳನ್ನು ನಡೆಸಿಕೊಂಡು ಬಂದ ಜನರಿಗೆ ಹಂಪೆ ಮರೆತುಹೋದ ಸ್ಥಳವಾಗಿರಲಿಲ್ಲ.

ಹಂಪೆಯ ಪಾವಿತ್ರ್ಯ ಸಾಮ್ರಾಜ್ಯಕ್ಕಿಂತ ಹಳೆಯದು. ಹೇಮಕೂಟದಲ್ಲಿ ವಿಜಯನಗರಪೂರ್ವದ ಗುಡಿಗಳಿವೆ; ಕವಿ ಹರಿಹರನ ಬದುಕು ಮತ್ತು ಕಾವ್ಯಗಳು ಪಂಪಾಕ್ಷೇತ್ರದೊಡನೆ ಹೆಣೆದುಕೊಂಡಿವೆ. ಕೃಷ್ಣದೇವರಾಯನು 1510ರ ಸುಮಾರಿಗೆ ವಿರೂಪಾಕ್ಷ ದೇವಾಲಯದ ರಂಗಮಂಟಪವನ್ನು ಕಟ್ಟಿಸಿದುದು ಆಗಲೇ ಜೀವಂತವಾಗಿದ್ದ ಕ್ಷೇತ್ರಕ್ಕೆ ಅರಸನು ಸಲ್ಲಿಸಿದ ಸೇವೆ. ಹೀಗಿರುವಾಗ ರಾಜಧಾನಿಯ ಆಯುಷ್ಯವನ್ನೇ ಕ್ಷೇತ್ರದ ಆಯುಷ್ಯವೆಂದು ಭಾವಿಸಿ, 1565ರಲ್ಲಿ ಎಲ್ಲವೂ ಕೊನೆಗೊಂಡಿತೆಂದು ಹೇಳುವುದು ಇತಿಹಾಸದೃಷ್ಟಿಯಿಂದ ಅಸಮರ್ಪಕ.

ಭಾರತದ ಸಂರಕ್ಷಣಾ ಕಾನೂನಿನ ಕೇಂದ್ರದಲ್ಲಿರುವುದು ‘ಸ್ಮಾರಕ’. 1904ರ ಕಾಯಿದೆಯಿಂದ 1958ರ ಕೇಂದ್ರ ಕಾಯಿದೆ ಹಾಗೂ 1961ರ ಕರ್ನಾಟಕದ ಕಾಯಿದೆಯವರೆಗೆ ರಕ್ಷಣೆಗೆ ಪಾತ್ರವಾದುದು ಕಟ್ಟಡ ಮತ್ತು ನಿವೇಶನ. ಜಾನ್ ಮಾರ್ಷಲ್ 1923ರ ತನ್ನ ಸಂರಕ್ಷಣಾ ಕೈಪಿಡಿಯಲ್ಲಿ, ಮೂಲ ಉದ್ದೇಶಕ್ಕೆ ಇನ್ನೂ ಬಳಕೆಯಲ್ಲಿರುವ ‘ಜೀವಂತ’ ಸ್ಮಾರಕಗಳನ್ನು ಪ್ರತ್ಯೇಕವಾಗಿ ಗುರುತಿಸಿದ್ದನೆಂಬುದು ಗಮನಾರ್ಹ. ಆದರೆ ಗುಡಿಗೆ ದೊರೆತ ಈ ಮನ್ನಣೆ ಗುಡಿಯ ಮುಂದಿನ ಬೀದಿಗೆ ದೊರೆಯಲಿಲ್ಲ. 2010ರ ತಿದ್ದುಪಡಿಯು ಸಂರಕ್ಷಿತ ಸ್ಮಾರಕದ ಸುತ್ತ 100 ಮೀಟರನ್ನು ನಿಷೇಧಿತ ವಲಯವೆಂದೂ ಅದರಾಚೆಯ 200 ಮೀಟರನ್ನು ನಿಯಂತ್ರಿತ ವಲಯವೆಂದೂ ಶಾಸನಬದ್ಧಗೊಳಿಸಿತು. ಐವತ್ತಕ್ಕೂ ಹೆಚ್ಚು ಸಂರಕ್ಷಿತ ಸ್ಮಾರಕಗಳು ಹರಡಿಕೊಂಡಿರುವ ಪ್ರದೇಶದಲ್ಲಿ ಇಂತಹ ವೃತ್ತಗಳು ಒಂದರೊಳಗೊಂದು ಸೇರಿಕೊಂಡು ಊರನ್ನೇ ಆವರಿಸುವುದು ಸಹಜ.

1986ರಲ್ಲಿ ಹಂಪೆಯು ವಿಶ್ವಪರಂಪರೆಯ ಪಟ್ಟಿಗೆ ಸೇರಿದ್ದು ‘ಸ್ಮಾರಕಗಳ ಸಮೂಹ’ವೆಂಬ ಹೆಸರಿನಲ್ಲಿ. ‘ಸಾಂಸ್ಕೃತಿಕ ಭೂದೃಶ್ಯ’ವೆಂಬ ವರ್ಗವನ್ನು ಯುನೆಸ್ಕೋ ಅಂಗೀಕರಿಸಿದ್ದು 1992ರಲ್ಲಿ. ಹಂಪೆಯ ನಾಮಕರಣ ಆರು ವರ್ಷ ಮೊದಲೇ ಆಗಿದ್ದುದರಿಂದ ಹೊಲ, ಕಾಲುವೆ, ಹಳ್ಳಿಗಳು ಸ್ಮಾರಕಗಳ ನಡುವಿನ ತೆರಪುಗಳಾಗಿ ಉಳಿದವು. ಈ ಕೊರತೆಗೆ ತುರ್ತು ಕಾಲುವೆಯೇ ಸಾಕ್ಷಿ. ವಿಜಯನಗರ ಕಾಲದ ಈ ಕಾಲುವೆ ಇಂದಿಗೂ ಬಾಳೆ, ಭತ್ತ, ಕಬ್ಬಿನ ಗದ್ದೆಗಳಿಗೆ ನೀರುಣಿಸುತ್ತದೆ. ಅರಮನೆಯ ಅಧಿಷ್ಠಾನ ಅವಶೇಷವಾಗಿದೆ. ಅದೇ ಕಾಲದ ಕಾಲುವೆ ಕೆಲಸ ಮಾಡುತ್ತಿದೆ. ಇವುಗಳಲ್ಲಿ ಮೊದಲನೆಯದನ್ನು ಮಾತ್ರ ಪರಂಪರೆಯೆಂದು ಗುರುತಿಸುವ ದೃಷ್ಟಿಗೆ ರೈತನು ಪರಂಪರೆಯ ಪಾಲಕನಾಗಿ ಕಾಣುವುದು ಕಷ್ಟ.

ಈ ದೃಷ್ಟಿಯ ಮೊದಲ ದೊಡ್ಡ ಬಿಕ್ಕಟ್ಟು ಸೇತುವೆಗಳ ವಿಷಯದಲ್ಲಿ ತಲೆದೋರಿತು. ಸಂರಕ್ಷಿತ ಪ್ರದೇಶದೊಳಗೆ ಎರಡು ತೂಗುಸೇತುವೆಗಳ ನಿರ್ಮಾಣ ಆರಂಭವಾದ ಕಾರಣ 1999ರಲ್ಲಿ ಹಂಪೆಯನ್ನು ಅಪಾಯದಂಚಿನ ತಾಣಗಳ ಪಟ್ಟಿಗೆ ಸೇರಿಸಲಾಯಿತು. 2006ರಲ್ಲಿ ಅದು ಆ ಪಟ್ಟಿಯಿಂದ ಹೊರಬಂದಿತು. ವಿರೂಪಾಪುರಗಡ್ಡೆಯ ಕಾಲುಸೇತುವೆಯನ್ನು ಕಳಚಲಾಯಿತು. ಆನೆಗೊಂದಿಯ ಸೇತುವೆಯು 2009ರ ಜನವರಿಯಲ್ಲಿ ಕಾಮಗಾರಿಯ ಹಂತದಲ್ಲಿಯೇ ಕುಸಿದು ಕಾರ್ಮಿಕರು ಮೃತಪಟ್ಟರು. ಸೇತುವೆಗಳ ವಿನ್ಯಾಸ ಮತ್ತು ಸ್ಥಳದ ಆಯ್ಕೆ ಆಕ್ಷೇಪಾರ್ಹವಾಗಿದ್ದಿರಬಹುದು. ಆದರೆ ಹೊಳೆ ದಾಟಲು ಹರಿಗೋಲನ್ನೇ ನೆಚ್ಚಿದ್ದ ಜನರ ಅಗತ್ಯ ನಿಜವಾದುದಾಗಿತ್ತು. ಈ ಬಿಕ್ಕಟ್ಟಿನ ನಡುವೆ ರೂಪುಗೊಂಡ 2002ರ ಹಂಪಿ ವಿಶ್ವಪರಂಪರೆ ಪ್ರದೇಶ ನಿರ್ವಹಣಾ ಪ್ರಾಧಿಕಾರ ಕಾಯಿದೆಯು, ನಿರ್ವಹಣೆಗೆ ಸ್ಮಾರಕದ ಬದಲು ‘ಪ್ರದೇಶ’ವನ್ನು ಘಟಕವನ್ನಾಗಿ ಸ್ವೀಕರಿಸಿದ್ದು ಮಹತ್ವದ ಹೆಜ್ಜೆ. ಆ ಹೆಜ್ಜೆಯ ಮಿತಿ ಹಂಪೆ ಬಜಾರದಲ್ಲಿ ಪ್ರಕಟವಾಯಿತು.

ವಿರೂಪಾಕ್ಷ ದೇವಾಲಯದ ಮುಂದಿನ ರಥಬೀದಿಯ ಸಾಲುಮಂಟಪಗಳಲ್ಲಿ ಇಪ್ಪತ್ತನೆಯ ಶತಮಾನದಲ್ಲಿ ಮನೆ, ಅಂಗಡಿ, ಖಾನಾವಳಿಗಳು ಬೆಳೆದಿದ್ದವು. 2011ರ ಜುಲೈ ಕೊನೆಯಲ್ಲಿ ಒತ್ತುವರಿಯೆಂಬ ಕಾರಣದಿಂದ ಇವುಗಳ ತೆರವು ಆರಂಭವಾಯಿತು. ಪುನರ್ವಸತಿಗೆ ಕಡ್ಡಿರಾಂಪುರವನ್ನು ಗೊತ್ತುಪಡಿಸಲಾಯಿತು. ತೆರವಿನ ಪರವಾದ ವಾದವನ್ನು ಲಘುವಾಗಿ ಕಾಣುವಂತಿಲ್ಲ. ಕಂಬಗಳ ನಡುವೆ ಗೋಡೆ ಕಟ್ಟಿ, ಸಿಮೆಂಟು ಬಳಿದು, ಮೇಲೆ ಮಾಳಿಗೆ ಏರಿಸಿದ್ದರಿಂದ ಮಂಟಪಗಳಿಗೆ ಹಾನಿಯಾಗಿದ್ದುದು ನಿಜ. ಪ್ರಶ್ನೆ ಇರುವುದು ಪರಿಹಾರದ ಸ್ವರೂಪದಲ್ಲಿ. ಹಾನಿಕರ ನಿರ್ಮಾಣವನ್ನು ತೆಗೆಯುವುದು ಒಂದು ಕ್ರಮ. ವಾಸವನ್ನೇ ತೆಗೆಯುವುದು ಇನ್ನೊಂದು. ಎರಡನೆಯದಕ್ಕೆ ಐತಿಹಾಸಿಕ ಅಧಿಕೃತತೆಯ ಸಮರ್ಥನೆ ದೊರೆಯಬೇಕಾದರೆ ಆ ಬೀದಿ ಮೂಲತಃ ನಿರ್ಜನವಾಗಿತ್ತೆಂದು ಸಿದ್ಧಪಡಿಸಬೇಕಾಗುತ್ತದೆ. ಸಾಕ್ಷ್ಯ ಇದಕ್ಕೆ ವಿರುದ್ಧವಾಗಿದೆ. 1520ರ ಸುಮಾರಿನಲ್ಲಿ ಪಯಸನು ಈ ದೇವಾಲಯದ ಮುಂದೆ ಕಂಡದ್ದು ಮೊಗಸಾಲೆ, ಉಪ್ಪರಿಗೆಗಳುಳ್ಳ ಮನೆಗಳಿದ್ದ, ಯಾತ್ರಿಕರು ತಂಗುತ್ತಿದ್ದ ಬೀದಿಯನ್ನು. ತೆರವಿನ ನಂತರದ ಬೀದಿಯು ವಿಜಯನಗರ ಕಾಲದ ಬೀದಿಯನ್ನಲ್ಲ, ಹತ್ತೊಂಬತ್ತನೆಯ ಶತಮಾನದ ಛಾಯಾಚಿತ್ರವನ್ನು ಹೋಲುತ್ತದೆ.

ಬರಿದುಗೊಳಿಸಿದ ಮಾತ್ರಕ್ಕೆ ರಕ್ಷಣೆ ಸಿದ್ಧಿಸುವುದಿಲ್ಲವೆಂಬುದನ್ನೂ ಇಲ್ಲಿ ಗಮನಿಸಬೇಕು. 2024ರ ಮೇ ತಿಂಗಳ ಮಳೆಗೆ ಇದೇ ಸಾಲುಮಂಟಪಗಳ ಒಂದು ಭಾಗ ಕುಸಿಯಿತು. ಜನವಾಸವಿದ್ದಿದ್ದರೆ ಅದು ಉಳಿಯುತ್ತಿತ್ತೆಂದು ಇದರಿಂದ ತೀರ್ಮಾನಿಸಲಾಗದು. ಆದರೆ ಜನರ ನಿರ್ಗಮನವೇ ಸಂರಕ್ಷಣೆಯಲ್ಲ, ಅದರ ನಂತರದ ನಿತ್ಯದ ಆರೈಕೆಯೇ ಸಂರಕ್ಷಣೆ ಎಂಬ ಮಾತಿಗೆ ಇದು ಪುಷ್ಟಿ ನೀಡುತ್ತದೆ.

ಹಾಳೂರಿಗೆ ಉಳಿದವನೇ ಗೌಡ ಎಂಬ ಗಾದೆಯಿದೆ. ಹಂಪೆಯ ವಿಷಯದಲ್ಲಿ ಊರನ್ನು ಹಾಳೆಂದು ಮೊದಲೇ ನಿರ್ಣಯಿಸಿದ್ದರಿಂದ ಉಳಿದವರಿಗೆ ಗೌಡಿಕೆಯಿರಲಿ, ಒಕ್ಕಲಿನ ಮನ್ನಣೆಯೂ ದೊರೆಯಲಿಲ್ಲ. 1994ರ ನಾರಾ ದಸ್ತಾವೇಜು ಅಧಿಕೃತತೆಯ ನಿರ್ಣಯದಲ್ಲಿ ಬಳಕೆ ಮತ್ತು ಸಂಪ್ರದಾಯಗಳಿಗೂ ಸ್ಥಾನವಿದೆಯೆಂದು ಒಪ್ಪಿದೆ. ಈ ತತ್ತ್ವವನ್ನು ಹಂಪೆಗೆ ಅನ್ವಯಿಸುವುದೆಂದರೆ ಮನಬಂದಂತೆ ಕಟ್ಟಲು ಪರವಾನಗಿ ನೀಡುವುದೆಂದು ಅರ್ಥವಲ್ಲ. ಕಾಲುವೆ, ಬೀದಿ, ಜಾತ್ರೆ, ವಾಸಗಳನ್ನು ಸ್ಮಾರಕದಷ್ಟೇ ಶಿಸ್ತಿನಿಂದ ದಾಖಲಿಸಿ, ಅವುಗಳಿಗೆ ಸಂಬಂಧಿಸಿದ ಜನರನ್ನು ನಿರ್ಣಯದಲ್ಲಿ ಪಾಲುದಾರರನ್ನಾಗಿ ಮಾಡಿಕೊಳ್ಳುವುದೆಂದು ಅರ್ಥ. ‘ಹಾಳು ಹಂಪೆ’ ಕಾವ್ಯದ ಭಾಷೆಯಲ್ಲಿ ಉಳಿಯಲು ಅಡ್ಡಿಯಿಲ್ಲ. ನೀತಿಯ ಭಾಷೆಯಲ್ಲಿ ಅದು ಇನ್ನು ಮುಂದುವರಿಯಲಾಗದು.