ಮತ್ಸ್ಯಾಲಯದ ಹಿಂಬಾಗಿಲು

ಸಿನಿಮಾ ನೋಡಿ ವಿಮರ್ಶೆ ಬರೀತೀವಿ, ಹೋಟೆಲಿಗೆ ಸ್ಟಾರ್ ಕೊಡ್ತೀವಿ, ನಾಟಕ ಹೇಗಿತ್ತು ಅಂತ ಸ್ಟೇಟಸ್ ಹಾಕ್ತೀವಿ. ಮತ್ಸ್ಯಾಲಯದ ಬಗ್ಗೆ ಮಾತ್ರ ಯಾರೂ ಬರೆಯೋದಿಲ್ಲ. ಬರೆದರೂ ಎರಡೇ ಮಾತು: ಮಕ್ಕಳಿಗೆ ಚೆನ್ನಾಗಿದೆ, ಪಾರ್ಕಿಂಗ್ ಕಷ್ಟ. ಒಂದು ಕಟ್ಟಡ, ಅದರೊಳಗೆ ಸಾವಿರಾರು ಲೀಟರ್ ನೀರು, ನೂರಾರು ಜೀವ. ಯಾವ ಮೀನು ಇಡಬೇಕು, ಯಾವುದನ್ನು ಬಿಡಬೇಕು, ಬೋರ್ಡಿನ ಮೇಲೆ ಏನು ಬರೆಯಬೇಕು ಅಂತ ಯಾರೋ ಕೂತು ತೀರ್ಮಾನ ಮಾಡಿರುತ್ತಾರೆ. ಅದೂ ಒಂದು ಪ್ರದರ್ಶನವೇ ತಾನೇ? ಹಾಗಿದ್ದರೆ ಅದನ್ನೂ ವಿಮರ್ಶೆಯ ಕಣ್ಣಿಂದ ನೋಡೋಣ.

ಬೆಂಗಳೂರಲ್ಲಿ ಕೆಲಸ ಮಾಡೋ ನಮ್ಮಂಥವರಿಗೆ ಮತ್ಸ್ಯಾಲಯ ಅಂದರೆ ಕಸ್ತೂರಬಾ ರಸ್ತೆ ಕಡೆಯಿಂದ ಕಬ್ಬನ್ ಪಾರ್ಕಿಗೆ ಹೋಗುವಾಗ ಸಿಗುವ ಸರ್ಕಾರಿ ಮತ್ಸ್ಯಾಲಯ. 1983ರಲ್ಲಿ ಶುರುವಾದದ್ದು, ಮೂರು ಅಂತಸ್ತಿನದು. ಮುಂಬೈಯ ತಾರಾಪೊರೆವಾಲಾ ಇದಕ್ಕಿಂತ ಹಿರಿಯದು, 1951ರದ್ದು. ಇವೆಲ್ಲದರ ಮೂಲ ಹುಡುಕಿದರೆ 1853ರಲ್ಲಿ ಲಂಡನ್ ಮೃಗಾಲಯದಲ್ಲಿ ತೆರೆದ ಫಿಶ್ ಹೌಸ್ ಸಿಗುತ್ತದೆ. ಅಂದರೆ ಜನ ದುಡ್ಡು ಕೊಟ್ಟು ಗಾಜಿನ ಮುಂದೆ ನಿಂತು ಮೀನು ನೋಡೋಕೆ ಶುರು ಮಾಡಿ 170 ವರ್ಷ ದಾಟಿತು. ಇಷ್ಟು ಕಾಲದಲ್ಲಿ ಬದಲಾದದ್ದು ಹೆಚ್ಚಾಗಿ ಗಾಜು. ದೊಡ್ಡದಾಯ್ತು, ಅಕ್ರಿಲಿಕ್ ಆಯ್ತು, ಬಗ್ಗಿ ತಲೆಯ ಮೇಲೆ ಬಂತು. ತಾರಾಪೊರೆವಾಲಾ 2015ರಲ್ಲಿ ನವೀಕರಣವಾಗಿ ತೆರೆದಾಗ ದೊಡ್ಡ ಸುದ್ದಿಯಾದದ್ದು ಅದರ ಸುರಂಗ. ಈಗಂತೂ ಊರೂರಿಗೆ ಬರುವ ಎಕ್ಸ್‌ಪೋಗಳಲ್ಲೂ ಸುರಂಗ ಇಲ್ಲದಿದ್ದರೆ ಜನ ಒಳಗೆ ಕಾಲಿಡುವುದಿಲ್ಲ. ಮೀನು ತಲೆ ಮೇಲೆ ಹೋಗಬೇಕು, ನಾವು ಕೆಳಗೆ ನಿಂತು ರೀಲ್ಸ್ ಮಾಡಬೇಕು.

ನನ್ನ ತಕರಾರು ಸುರಂಗದ ಮೇಲಲ್ಲ. ನನಗೂ ಖುಷಿಯಾಗುತ್ತೆ. ಆದರೆ ಹಿಂದೊಮ್ಮೆ ಗೆಳೆಯನೊಬ್ಬನ ಪರಿಚಯದಿಂದ ಒಂದು ಮತ್ಸ್ಯಾಲಯದ ಹಿಂಬಾಗಿಲಿನಿಂದ ಒಳಗೆ ಹೋಗುವ ಅವಕಾಶ ಸಿಕ್ಕಿತು. ಅವತ್ತಿನಿಂದ ಮುಂಬಾಗಿಲಿನ ಪ್ರದರ್ಶನ ಅರ್ಧ ಕಥೆ ಅನ್ನಿಸತೊಡಗಿತು.

ಹಿಂದೆ ಏನಿದೆ ಗೊತ್ತಾ? ಆಳೆತ್ತರದ ಓಣಿಯಂಥ ಜಾಗ. ನೆಲವೆಲ್ಲ ಒದ್ದೆ. ನೀಲಿ ಡ್ರಮ್ಮುಗಳಲ್ಲಿ ಹಿಂದಿನ ದಿನವೇ ತುಂಬಿಟ್ಟ ನೀರು. ಕಲ್ಲುಪ್ಪಿನ ಚೀಲ, ಹಳೇ ಟೂತ್‌ಬ್ರಷ್, ಬಕೆಟ್ಟು, ಸಣ್ಣ ಬಲೆ, ಉದ್ದುದ್ದ ರಬ್ಬರ್ ಪೈಪು. ಬದಿಯಲ್ಲಿ ಬೋಳು ತೊಟ್ಟಿಗಳ ಸಾಲು, ಹೊಸದಾಗಿ ಬಂದ ಮೀನುಗಳನ್ನು ಕೆಲವು ವಾರ ಬೇರೆ ಇಟ್ಟು ರೋಗ ಇದೆಯಾ ಅಂತ ನೋಡೋಕೆ. ಎಲ್ಲದರ ಮೇಲೆ ಏರ್ ಪಂಪಿನ ಒಂದೇ ಸಮನೆ ಗುಂಯ್ ಸದ್ದು. ಅಲ್ಲಿದ್ದ ಕೆಲಸಗಾರ ಪ್ಯಾಂಟು ಮೊಣಕಾಲಿಗೆ ಮಡಚಿಕೊಂಡು ಸ್ಟೂಲ್ ಮೇಲೆ ನಿಂತು ಭುಜದವರೆಗೆ ತೊಟ್ಟಿಯೊಳಗೆ ಕೈ ಹಾಕಿದ್ದ. "ಅಣ್ಣಾ, ಇಷ್ಟು ಮೀನು ಸಾಕೋದು ಕಷ್ಟ ಅಲ್ವಾ?" ಅಂತ ಕೇಳಿದೆ. "ಮೀನು ಯಾರು ಸಾಕ್ತಾರೆ ಸರ್? ನಾವು ನೀರು ಸಾಕೋದು. ನೀರು ಚೆನ್ನಾಗಿದ್ರೆ ಮೀನು ತಾನೇ ಇರುತ್ತೆ" ಅಂದ.

ಈ ಮಾತಿನ ಹಿಂದೆ ಪೂರ್ತಿ ಒಂದು ವಿಜ್ಞಾನ ಇದೆ. ಮೀನಿನ ಕಿವಿರಿನಿಂದ, ಹಿಕ್ಕೆಯಿಂದ, ತಿನ್ನದೆ ಉಳಿದ ಆಹಾರದಿಂದ ನೀರಿಗೆ ಅಮೋನಿಯಾ ಸೇರುತ್ತಲೇ ಇರುತ್ತದೆ. ಅದು ಮೀನಿಗೆ ವಿಷ. ಹೊಳೆಯಲ್ಲಾದರೆ ಹರಿದು ಹೋಗುತ್ತದೆ, ತೊಟ್ಟಿಯಲ್ಲಿ ಎಲ್ಲಿಗೆ ಹೋಗಬೇಕು? ಫಿಲ್ಟರಿನ ಸ್ಪಂಜಿನಲ್ಲಿ, ಜಲ್ಲಿಕಲ್ಲುಗಳ ಮೇಲೆ ಮನೆ ಮಾಡಿದ ಒಂದು ಬಗೆಯ ಬ್ಯಾಕ್ಟೀರಿಯಾ ಅಮೋನಿಯಾವನ್ನು ನೈಟ್ರೈಟ್ ಮಾಡುತ್ತವೆ. ಅದೂ ವಿಷವೇ. ಇನ್ನೊಂದು ಬಗೆಯವು ಅದನ್ನು ನೈಟ್ರೇಟ್ ಮಾಡುತ್ತವೆ. ಇದು ಅಷ್ಟು ಅಪಾಯ ಅಲ್ಲ, ಆಗಾಗ ಸ್ವಲ್ಪ ನೀರು ಬದಲಿಸಿದರೆ ಸಾಕು. ಈ ಬ್ಯಾಕ್ಟೀರಿಯಾಗಳು ಹೊಸ ತೊಟ್ಟಿಯಲ್ಲಿ ನೆಲೆಯೂರೋಕೆ ಸಾಮಾನ್ಯವಾಗಿ 4ರಿಂದ 6 ವಾರ ಬೇಕು. ಸ್ಪಂಜನ್ನು ಅಪ್ಪಿತಪ್ಪಿ ಕ್ಲೋರಿನ್ ಇರುವ ನಲ್ಲಿ ನೀರಿನಲ್ಲಿ ತೊಳೆದರೆ ಅವು ಸಾಯುತ್ತವೆ, ಅವುಗಳ ಹಿಂದೆಯೇ ಮೀನು. ಡ್ರಮ್ಮುಗಳಲ್ಲಿ ನೀರು ಹಿಂದಿನ ದಿನವೇ ತುಂಬಿಡೋದು ಆ ಕ್ಲೋರಿನ್ ಹೋಗಲಿ ಅಂತಲೇ. ಕರೆಂಟು ಹೋಗಿ ಪಂಪು ತುಂಬಾ ಹೊತ್ತು ನಿಂತರೂ ಕಷ್ಟವೇ. ನಾವು ಆಫೀಸಿನಲ್ಲಿ ಸರ್ವರ್ ಡೌನ್ ಆಯ್ತು ಅಂತ ಒದ್ದಾಡ್ತೀವಲ್ಲ, ಇಲ್ಲಿ ಸರ್ವರ್ ಅಂದರೆ ಬ್ಯಾಕ್ಟೀರಿಯಾ. ಬ್ಯಾಕಪ್ ಇಲ್ಲ, ರೀಸ್ಟಾರ್ಟಿಗೆ ಒಂದು ತಿಂಗಳು.

ಈಗ ಯೋಚಿಸಿ. ಹೊಸ ತೊಟ್ಟಿಯ ಉದ್ಘಾಟನೆಗೆ ದಿನಾಂಕ ಗೊತ್ತಾಗಿದೆ, ಗಣ್ಯರು ಬರ್ತಾರೆ, ಅಷ್ಟರೊಳಗೆ ಮೀನು ತುಂಬಬೇಕು. ಬ್ಯಾಕ್ಟೀರಿಯಾಕ್ಕೆ ಮುಹೂರ್ತ ಗೊತ್ತಿಲ್ಲ. ನೀರು ಹದವಾಗುವ ಮೊದಲೇ ಮೀನು ಬಿಟ್ಟರೆ ಎರಡು-ಮೂರು ವಾರದಲ್ಲಿ ಒಂದೊಂದಾಗಿ ತೇಲುತ್ತವೆ. ಆಮೇಲೆ ನಾವು ಹೋಗಿ ಖಾಲಿ ತೊಟ್ಟಿ ನೋಡಿ "ಮೇಂಟೆನೆನ್ಸ್ ಇಲ್ಲ" ಅಂತ ಒಂದು ಸ್ಟಾರ್ ಕೊಡ್ತೀವಿ. ಆ ಬೈಗುಳ ಬೀಳೋದು ಸ್ಟೂಲ್ ಮೇಲೆ ನಿಂತವನಿಗೆ, ದಿನಾಂಕ ಇಟ್ಟವರಿಗಲ್ಲ.

ಇಷ್ಟು ಒಳ್ಳೆ ಕಥೆಯನ್ನು ಗೋಡೆಯ ಹಿಂದೆ ಯಾಕೆ ಮುಚ್ಚಿಡಬೇಕು ಅನ್ನೋದು ನನ್ನ ಮೊದಲ ಪ್ರಶ್ನೆ. ಹೀಗೇ ಇರಬೇಕು ಅಂತೇನಿಲ್ಲ. ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ 1984ರಲ್ಲಿ ಶುರುವಾದ ಮಾಂಟೆರೆ ಬೇ ಅಕ್ವೇರಿಯಂ ಇದೆ. ಅಲ್ಲಿ 28 ಅಡಿ ಎತ್ತರದ ತೊಟ್ಟಿಯಲ್ಲಿ ಕೆಲ್ಪ್ ಅನ್ನೋ ಕಡಲಪಾಚಿಯ ಕಾಡನ್ನೇ ಬೆಳೆಸಿದ್ದಾರೆ. ಪಕ್ಕದ ಕೊಲ್ಲಿಯಿಂದಲೇ ನೀರು ಪಂಪ್ ಮಾಡ್ತಾರೆ. ಹಗಲು ಜನಕ್ಕೆ ತಿಳಿಯಾಗಿ ಕಾಣಲಿ ಅಂತ ಸೋಸಿದ ನೀರು, ರಾತ್ರಿ ತೊಟ್ಟಿಯ ಜೀವಿಗಳಿಗೆ ಆಹಾರ ಸಿಗಲಿ ಅಂತ ಸೋಸದ ನೀರು. ಆಹಾರ ಹಾಕೋ ಮುಳುಗುಗಾರರು ಮುಖವಾಡದ ಮೈಕಿನಲ್ಲಿ ಹೊರಗೆ ನಿಂತವರ ಜೊತೆ ಮಾತಾಡ್ತಾರೆ. ಕೆಲಸವೇ ಅಲ್ಲಿ ಪ್ರದರ್ಶನ. ಅಷ್ಟು ದುಡ್ಡು ನಮ್ಮಲ್ಲಿಲ್ಲ, ಒಪ್ಪಿದೆ. ಆದರೆ ಫಿಲ್ಟರ್ ಕೋಣೆಯ ಗೋಡೆಗೆ ಒಂದು ಕಿಟಕಿ ಇಡೋಕೆ, "ಈ ತೊಟ್ಟಿಯ ನೀರು ಬದಲಿಸಿದ್ದು ಈ ದಿನ" ಅಂತ ಸೀಮೆಸುಣ್ಣದಲ್ಲಿ ಬರೆಯೋಕೆ ಎಷ್ಟು ಖರ್ಚು?

ಎರಡನೇ ಪ್ರಶ್ನೆ ಗಾಜಿನ ಈಚೆಯದ್ದು. ಮತ್ಸ್ಯಾಲಯಗಳಲ್ಲಿ ಸಾಮಾನ್ಯವಾಗಿ ನಮಗೆ ಸಿಗೋರು ಯಾರು? ಚೀನಾದ ಗೋಲ್ಡ್‌ಫಿಶ್, ಜಪಾನಿನ ಕೊಯ್, ಅಮೆಜಾನಿನ ಏಂಜೆಲ್ ಮತ್ತು ಆಸ್ಕರ್, ಥಾಯ್ಲೆಂಡಿನ ಫೈಟರ್. ಇನ್ನು ಹಣೆಯ ಮೇಲೆ ಗುಬುಟು ಇರುವ ಫ್ಲವರ್‌ಹಾರ್ನಿಗೆ ಊರು ಅಂತಲೇ ಇಲ್ಲ. ಮಲೇಷ್ಯಾದಲ್ಲಿ 1990ರ ದಶಕದಲ್ಲಿ ಬೇರೆ ಬೇರೆ ಜಾತಿ ಬೆರೆಸಿ ಮಾಡಿದ ಮೀನು ಅದು, ಯಾವ ನದಿಯಲ್ಲೂ ಹುಟ್ಟಿದ್ದಲ್ಲ. ಮತ್ತೆ ಗಾಜಿಗೆ ಬಾಯಿ ಅಂಟಿಸಿಕೊಂಡಿರುವ ಸಕ್ಕರ್, ದಕ್ಷಿಣ ಅಮೆರಿಕದ್ದು. ಮನೆಯ ತೊಟ್ಟಿಯಲ್ಲಿ ದೊಡ್ಡದಾದ ಮೇಲೆ ಸಾಕೋಕಾಗದೆ ಜನ ಕೆರೆಗೆ ಬಿಟ್ಟಿದ್ದರಿಂದ ಈಗ ದೇಶದ ಎಷ್ಟೋ ಕೆರೆ, ನದಿಗಳಲ್ಲಿ ಅದು ತುಂಬಿಕೊಂಡಿದೆ. ಬಲೆ ಹಾಕಿದರೆ ಅದರ ಮುಳ್ಳಿಗೆ ಸಿಕ್ಕಿ ಬಲೆ ಹರಿಯುತ್ತದೆ. ಈ ಮಾತನ್ನು ಸಕ್ಕರ್ ತೊಟ್ಟಿಯ ಕೆಳಗೆ ಬರೆದಿದ್ದನ್ನು ನಾನಂತೂ ಎಲ್ಲೂ ನೋಡಿಲ್ಲ.

ನನ್ನ ಊರು ಇಂದೂರ, ಮುಂಡಗೋಡ ತಾಲೂಕು. ಕೆರೆ, ಗದ್ದೆ, ಕಾಡಿನ ಅಂಚು. ಅತ್ತಿವೇರಿಯ ಪಕ್ಷಿಧಾಮ ನಮ್ಮ ಕಡೆಯದ್ದೇ. ಅಲ್ಲಿ ಕೊಕ್ಕರೆ, ನೀರುಕಾಗೆಗಳನ್ನು ದುರ್ಬೀನು ಹಿಡಿದು ನೋಡೋಕೆ ಜನ ಬರುತ್ತಾರೆ. ಆ ಹಕ್ಕಿಗಳು ಬರೋದು ನೀರಿನೊಳಗಿನ ಮೀನಿಗಾಗಿ. ಅದನ್ನು ನೋಡೋಕೆ ಮಾತ್ರ ಎಲ್ಲೂ ವ್ಯವಸ್ಥೆ ಇಲ್ಲ. ಊರಿಂದ ಬಂದಿದ್ದ ಕಾಕಾನನ್ನು ಒಂದು ಮತ್ಸ್ಯಾಲಯಕ್ಕೆ ಕರ್ಕೊಂಡು ಹೋಗಿದ್ದೆ. ಮಳೆಗಾಲದಲ್ಲಿ ಕೂಳಿ ಇಟ್ಟು ಮೀನು ಹಿಡಿದು ಬೆಳೆದ ಮನುಷ್ಯ. ಎಲ್ಲ ತೊಟ್ಟಿಗಳ ಮುಂದೂ ನಿಂತು ನೋಡಿದರು. ಹೊರಗೆ ಬಂದು ಚಹಾ ಕುಡೀತಾ, "ಬಣ್ಣ ಭಾಳ ಚಲೋ ಅದಾವ ತಮ್ಮಾ. ಆದರ ಒಂದಕ್ಕೂ ಹೆಸರು ಹೇಳಾಕ ಬರವಲ್ದು" ಅಂದರು. ಕಾಕಾಗೆ ಮೀನಿನ ಹೆಸರು ಗೊತ್ತಿಲ್ಲ ಅಂತಲ್ಲ. ಮುರುಗೋಡು, ಚೇಳುಮೀನು, ಹಾವುಮೀನು, ಬಾಳೆಮೀನು ಅಂತ ಬಾಯಲ್ಲಿ ಪಟ್ಟಿಯೇ ಇದೆ. ಆ ಪಟ್ಟಿ ನನಗೆ ಅರ್ಧ ಬರುತ್ತೆ. ಬೆಂಗಳೂರಲ್ಲಿ ಬೆಳೀತಿರೋ ನಮ್ಮನೆ ಮಕ್ಕಳಿಗೆ ನೀಮೋ, ಡೋರಿ ಎರಡೇ ಬರುತ್ತೆ. ಮೂರು ತಲೆಮಾರು ಸಾಕು, ಒಂದು ಹೊಳೆಯ ಹೆಸರುಗಳೆಲ್ಲ ಖಾಲಿ.

"ನಮ್ಮ ಮೀನು ಬೂದು ಬಣ್ಣದ್ದು, ಕೆಸರಲ್ಲಿ ಅಡಗಿರುತ್ತೆ, ಜನ ನೋಡಲ್ಲ" ಅನ್ನೋದು ಇದಕ್ಕೆ ಸಾಮಾನ್ಯವಾಗಿ ಬರುವ ಉತ್ತರ. ಅದರಲ್ಲಿ ಸ್ವಲ್ಪ ನಿಜ ಇದೆ. ಟಿಕೆಟ್ ಕಡಿಮೆ, ಬರೋರು ಮಕ್ಕಳು, ಬಣ್ಣ ಬೇಕು. ಸರಿ, ಬಣ್ಣವೇ ಬೇಕಾ? ಪಶ್ಚಿಮಘಟ್ಟದ ಹೊಳೆಗಳಲ್ಲಿ ಡೆನಿಸನ್ ಬಾರ್ಬ್ ಇದೆ. ಮೈಮೇಲೆ ಕೆಂಪು, ಕಪ್ಪು ಗೆರೆ, ಬಾಲಕ್ಕೆ ಹಳದಿ. ಜಗತ್ತಿನ ಅಕ್ವೇರಿಯಂ ವ್ಯಾಪಾರಕ್ಕೆ ಎಷ್ಟು ಬೇಡಿಕೆಯಾಯ್ತು ಅಂದರೆ ಹೊಳೆಯಲ್ಲಿ ಹಿಡಿದು ಹಿಡಿದು ಅದು ಅಪಾಯದಂಚಿನ ಪಟ್ಟಿ ಸೇರಿದೆ. ಜೀಬ್ರಾ ಲೋಚ್ ಅಂತ ಮೈತುಂಬಾ ಪಟ್ಟೆಯ ಸಣ್ಣ ಮೀನು ಇದೆ, ಅದೂ ಇದೇ ಘಟ್ಟದ ಹೊಳೆಗಳದ್ದು, ಬೇರೆಲ್ಲೂ ಇಲ್ಲ. ಇವು ಹೊರದೇಶದ ಡ್ರಾಯಿಂಗ್ ರೂಮುಗಳಲ್ಲಿ ಈಜುತ್ತಿವೆ. ನಾವು ಇಲ್ಲಿ ಕೂತು ಅಮೆಜಾನಿನ ಆಸ್ಕರಿಗೆ ಟಾಟಾ ಮಾಡ್ತಿದ್ದೀವಿ.

ಬಣ್ಣ ಇಲ್ಲದ್ದಕ್ಕೂ ಆಟ ಇದೆ. ಮುರುಗೋಡು ಮೇಲೆ ಬಂದು ಗಾಳಿ ಕುಡಿಯುತ್ತದೆ, ಮಳೆ ಬಿದ್ದ ರಾತ್ರಿ ಒದ್ದೆ ನೆಲದ ಮೇಲೆ ತೆವಳಿ ಒಂದು ಹೊಂಡದಿಂದ ಇನ್ನೊಂದಕ್ಕೆ ಹೋಗುತ್ತದೆ. ಮರಲ್ ಮೀನಿನ ಮರಿಗಳು ಕೆಂಬಣ್ಣದ ಮುದ್ದೆಯಂತೆ ಗುಂಪಾಗಿ ತಿರುಗುವಾಗ ಅಪ್ಪ, ಅಮ್ಮ ಕೆಳಗೇ ಕಾವಲು ಇರುತ್ತವೆ. ಮೊದಲ ಮಳೆಗೆ ಮೊಟ್ಟೆಯಿಡೋಕೆ ಹರಿವಿಗೆ ಎದುರಾಗಿ ಮೇಲೇರುವ ಮೀನನ್ನು ಮಲೆನಾಡಿನವರು ಹತ್ತುಮೀನು ಅಂತಾರೆ. ಇದನ್ನು ತೋರಿಸೋಕೆ ಒಂದು ಇಳಿಜಾರು ತೊಟ್ಟಿ, ಸಣ್ಣ ಪಂಪು ಸಾಕು. ತೋರಿಸಿದ ಮೇಲೆ ಮುಂದಿನ ಪ್ರಶ್ನೆ ತಾನಾಗೇ ಬರುತ್ತದೆ: ಮೇಲೇರೋ ದಾರಿಗೆ ಅಣೆಕಟ್ಟು ಬಂದರೆ? ಉತ್ತರ ಹೇಳೋಕೆ ನಮ್ಮ ಉತ್ತರ ಕನ್ನಡಕ್ಕಿಂತ ಒಳ್ಳೆಯ ಜಾಗ ಇಲ್ಲ. ಜೋಯಿಡಾ ತಾಲೂಕಿನಲ್ಲಿ ಹುಟ್ಟಿ 184 ಕಿ.ಮೀ. ಹರಿದು ಕಾರವಾರದಲ್ಲಿ ಕಡಲು ಸೇರುವ ಕಾಳಿಗೆ ಸೂಪಾ, ಬೊಮ್ಮನಹಳ್ಳಿ, ಕೊಡಸಳ್ಳಿ, ಕದ್ರಾ ಅಂತ ಒಂದಾದ ಮೇಲೊಂದು ಕಟ್ಟೆ. ಅದೇ ಜಿಲ್ಲೆಯ ಬೇಡ್ತಿಯಲ್ಲಿ ವಿದ್ಯುತ್ ಯೋಜನೆಗೆ 1980ರ ಸುಮಾರಿಗೆ ಜನ ಎದ್ದು ನಿಂತರು, ಯೋಜನೆ ನಿಂತಿತು. ಅಘನಾಶಿನಿಗೂ ದೊಡ್ಡ ಅಣೆಕಟ್ಟಿಲ್ಲ, ಅದರ ಅಳಿವೆಗೆ 2024ರಲ್ಲಿ ರಾಮ್ಸಾರ್ ಮನ್ನಣೆ ಬಂತು. ಕಟ್ಟೆ ಕಟ್ಟಿದ ಹೊಳೆ ಒಂದು ತೊಟ್ಟಿ, ಕಟ್ಟದ ಹೊಳೆ ಒಂದು ತೊಟ್ಟಿ, ಅಕ್ಕಪಕ್ಕ. ಇಂಥ ಹೊಸ ಪ್ರದರ್ಶನ ಬಂದರೆ ನಾನು ರಜೆ ಹಾಕಿ ಹೋಗ್ತೀನಿ.

ಬೂದು ಮೀನು ಜನ ನೋಡಲ್ಲ ಅನ್ನೋರನ್ನು ಒಮ್ಮೆ ಶೃಂಗೇರಿಗೆ ಕಳಿಸಬೇಕು. ತುಂಗೆಯ ಮೆಟ್ಟಿಲ ಮೇಲೆ ಪುರಿ ಹಿಡಿದುಕೊಂಡು ಮಕ್ಕಳು, ಮುದುಕರು, ನಮ್ಮಂಥ ಲ್ಯಾಪ್‌ಟಾಪ್ ಚೀಲದವರು ಎಲ್ಲ ಎಷ್ಟು ಹೊತ್ತು ನಿಂತಿರ್ತಾರೆ ನೋಡಿ. ಬೆಳ್ತಂಗಡಿ ತಾಲೂಕಿನ ಶಿಶಿಲದಲ್ಲೂ ಹಾಗೆಯೇ. ಅಲ್ಲಿ ಗಾಜಿಲ್ಲ, ಲೈಟಿಲ್ಲ. ಈ ಮೀನು ನಮ್ಮದು, ಮುಟ್ಟಬಾರದು ಅನ್ನೋ ಮಾತು ಮಾತ್ರ ಇದೆ. 1996ರಲ್ಲಿ ಶಿಶಿಲದ ಹೊಳೆಗೆ ಯಾರೋ ವಿಷ ಹಾಕಿ ಸಾವಿರಾರು ಮೀನು ಸತ್ತಾಗ ಸುತ್ತಲಿನ ಜನ ಅದನ್ನು ತಮ್ಮ ನಷ್ಟ ಅಂದುಕೊಂಡರು. ಹೆಸರು ಗೊತ್ತಿದ್ದವರು ಸತ್ತರೆ ಮಾತ್ರ ಸೂತಕ. ಫ್ಲವರ್‌ಹಾರ್ನ್ ಸತ್ತರೆ ಅಂಗಡಿಯಿಂದ ಇನ್ನೊಂದು ತರ್ತಾರೆ, ಅಷ್ಟೇ.

ಹಾಗಾಗಿ ನನ್ನ ಬೇಡಿಕೆ ಸಣ್ಣದು. ಬಣ್ಣದ ಮೀನುಗಳು ಇರಲಿ, ಸುರಂಗವೂ ಇರಲಿ. ಪ್ರತಿ ಮತ್ಸ್ಯಾಲಯದಲ್ಲಿ ಆ ಜಿಲ್ಲೆಯ ಹೊಳೆಯದ್ದೇ ಒಂದು ತೊಟ್ಟಿ ಇರಲಿ, ಬೋರ್ಡಿನ ಮೇಲೆ ಆ ಊರಿನವರು ಕರೆಯುವ ಹೆಸರು ಮೊದಲು ಬರಲಿ. ಫಿಲ್ಟರ್ ಕೋಣೆಗೆ ಒಂದು ಕಿಟಕಿ ಇರಲಿ. ಹೊಸ ತೊಟ್ಟಿಯ ಉದ್ಘಾಟನೆಯ ದಿನವನ್ನು ನೀರು ಸಾಕುವವನನ್ನು ಕೇಳಿ ಇಡಲಿ. ನೀವೂ ಮುಂದಿನ ಸಲ ಹೋದಾಗ ಪಾರ್ಕಿಂಗ್ ಬಗ್ಗೆ ಬರೆಯೋ ಮೊದಲು ಅಲ್ಲಿ ಬಕೆಟ್ ಹಿಡಿದು ಓಡಾಡುವವರನ್ನು ಒಂದು ಮಾತು ಕೇಳಿ: "ಅಣ್ಣಾ, ಇಲ್ಲಿ ನಮ್ಮ ಹೊಳೆ ಮೀನು ಯಾವುದಿದೆ?" ನಾಲ್ಕು ಜನ ಕೇಳಿದರೆ ಅವರು ಸಾಹೇಬರಿಗೆ ಹೇಳ್ತಾರೆ. ನಲವತ್ತು ಜನ ಕೇಳಿದರೆ ಒಂದು ತೊಟ್ಟಿ ಖಾಲಿ ಮಾಡಿಯಾದರೂ ಇಡ್ತಾರೆ. ಆಮೇಲೆ ನೀರು ಹದವಾಗೋಕೆ ಆರು ವಾರ ಕಾಯೋಣ.